ಐದನೆಯ ಓಟಗಾರ್ತಿಯನ್ನು ಕಟ್ಟಿದ ಬಗೆ

ಕ್ರಾಸ್ ಕಂಟ್ರಿಯಲ್ಲಿ, ಅಂದರೆ ಗುಡ್ಡಗಾಡು ಓಟದಲ್ಲಿ, ಒಂದು ತಂಡಕ್ಕೆ ಏಳು ಜನ. ಏಳೂ ಜನ ಓಡುತ್ತಾರೆ, ಲೆಕ್ಕಕ್ಕೆ ಹಿಡಿಯುವುದು ಮೊದಲು ಬಂದ ಐವರನ್ನು ಮಾತ್ರ. ಎಷ್ಟನೆಯವಳಾಗಿ ಬಂದಳೋ ಅದೇ ಅವಳ ಅಂಕ. ಐವರ ಅಂಕ ಕೂಡಿಸಿದಾಗ ಯಾರದು ಕಡಿಮೆಯೋ ಅವರು ಗೆದ್ದಂತೆ. ಒಂದು ತಂಡದವರು 1, 2, 3, 40, 60ನೆಯವರಾಗಿ ಬಂದರೆ ಮೊತ್ತ 106. ಇನ್ನೊಂದು ತಂಡದವರು 15, 17, 19, 21, 23ನೆಯವರಾಗಿ ಬಂದರೆ ಮೊತ್ತ 95. ಮೊದಲ ಮೂರು ಪದಕಗಳನ್ನು ಕೊರಳಿಗೆ ಹಾಕಿಕೊಂಡ ತಂಡ ಸೋಲುತ್ತದೆ, ಒಂದೂ ಪದಕ ಸಿಗದ ತಂಡ ಗೆಲ್ಲುತ್ತದೆ. ಅಮೆರಿಕದ ಹೈಸ್ಕೂಲ್ ಹುಡುಗಿಯರ ತಂಡವೊಂದನ್ನು ರಾಷ್ಟ್ರೀಯ ಸ್ಪರ್ಧೆಗೆ ತಯಾರು ಮಾಡಿದವರಲ್ಲಿ ನಾನೂ ಒಬ್ಬಳು. ಆ ವರ್ಷ ನಾವು ಮಾಡಿದ್ದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿತ್ತು.

ನಾನು ಧಾರವಾಡದವಳು. ಕಾಲೇಜಿನಲ್ಲಿದ್ದಾಗ ವಿಶ್ವವಿದ್ಯಾಲಯ ಮಟ್ಟದ ಗುಡ್ಡಗಾಡು ಓಟದಲ್ಲಿ ಓಡಿದ್ದೇನೆ. ಮದುವೆಯಾಗಿ, ಗಂಡನ ಕೆಲಸದ ಸಲುವಾಗಿ ಓರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ಪಕ್ಕದ ಊರಿಗೆ ಬಂದೆ. ಚಿಪ್ ಕಂಪನಿಗಳಿಂದಾಗಿ ಈ ಭಾಗದಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ಮಗ ಹೈಸ್ಕೂಲಿನ ಕ್ರಾಸ್ ಕಂಟ್ರಿಗೆ ಸೇರಿದಾಗ ನೀರಿನ ಡಬ್ಬಿ ಹೊರಲು ಹೋದವಳು, ಅವನು ಓದು ಮುಗಿಸಿ ಹೋದ ಮೇಲೂ ಹುಡುಗಿಯರ ತಂಡದ ಸಹಾಯಕ ಕೋಚ್ ಆಗಿ ಅಲ್ಲೇ ಉಳಿದೆ. ಸಂಬಳವಿಲ್ಲದ ಕೆಲಸ. ಮುಖ್ಯ ಕೋಚ್ ಅಲ್ಲಿಯ ಗಣಿತದ ಮೇಡಂ.

ರಾಷ್ಟ್ರೀಯ ಸ್ಪರ್ಧೆ ಎಂದರೆ ಇಲ್ಲಿ ನೈಕಿ ಕ್ರಾಸ್ ನ್ಯಾಷನಲ್ಸ್. 2004ರಲ್ಲಿ ಶುರುವಾದಾಗ ಅದು ಬರೀ ತಂಡಗಳ ಸ್ಪರ್ಧೆಯಾಗಿತ್ತು. ಒಂಟಿ ಓಟಗಾರರು ಬಂದದ್ದು ಆಮೇಲೆ. ಮೊದಲ ವರ್ಷಗಳಲ್ಲಿ ಪೋರ್ಟ್‌ಲೆಂಡ್ ಮೆಡೋಸ್ ಎಂಬ ಕುದುರೆ ರೇಸಿನ ಮೈದಾನದಲ್ಲಿ ಕೆಸರು ತುಳಿದು ಓಡುತ್ತಿದ್ದರು. 2014ರಿಂದ ಊರಿನ ಪೂರ್ವದ ಗ್ಲೆಂಡೋವೀರ್ ಗಾಲ್ಫ್ ಮೈದಾನಕ್ಕೆ ಬಂತು. ಡಿಸೆಂಬರಿನ ಮೊದಲ ವಾರ, ದೂರ 5 ಕಿಲೋಮೀಟರ್. ನಾವು ಓಡಿದಾಗ ಇದ್ದ ಪದ್ಧತಿಯಲ್ಲಿ ದೇಶವನ್ನು ಒಂಬತ್ತು ವಲಯ ಮಾಡಿ, ಪ್ರತಿ ವಲಯದಿಂದ ಎರಡು ತಂಡಗಳನ್ನು ನೇರವಾಗಿ ತೆಗೆದುಕೊಳ್ಳುತ್ತಿದ್ದರು. ಉಳಿದವರಲ್ಲಿ ನಾಲ್ಕು ತಂಡಗಳನ್ನು ಸಮಿತಿ ಆರಿಸುತ್ತಿತ್ತು. ಒಟ್ಟು 22 ತಂಡ. ಇವುಗಳ ಜೊತೆಗೆ ತಂಡವಿಲ್ಲದೆ ಬರುವವರು ವಲಯಕ್ಕೆ ಐವರು. ಅಂದರೆ ಒಂದೇ ಗೆರೆಯಿಂದ ಸುಮಾರು 200 ಹುಡುಗಿಯರು ಹೊರಡುತ್ತಾರೆ, ಎಲ್ಲರೂ ತಮ್ಮ ತಮ್ಮ ಊರಿನಲ್ಲಿ ಗೆದ್ದವರೇ.

ಇಷ್ಟು ಸಮಬಲದವರು ಕೂಡಿದಾಗ ನಡುವಿನ ಗುಂಪಿನಲ್ಲಿ ಒಂದು ಸೆಕೆಂಡಿಗೆ ಎರಡು ಮೂರು ಜನ ಗೆರೆ ದಾಟುತ್ತಾರೆ. ನಮ್ಮ ಮೊದಲನೆಯವಳು ಐದು ಸೆಕೆಂಡ್ ಬೇಗ ಬಂದರೆ ಒಂದೋ ಎರಡೋ ಅಂಕ ಉಳಿಯುತ್ತದೆ. ಐದನೆಯವಳು ಅದೇ ಐದು ಸೆಕೆಂಡ್ ಬೇಗ ಬಂದರೆ ಹತ್ತು ಅಂಕ, ಕೆಲವೊಮ್ಮೆ ಅದಕ್ಕೂ ಹೆಚ್ಚು. ನ್ಯೂಯಾರ್ಕ್ ರಾಜ್ಯದ ಫಯೆಟ್‌ವಿಲ್-ಮ್ಯಾನ್ಲಿಯಸ್ ಶಾಲೆಯ ಹುಡುಗಿಯರು 2006ರಿಂದ 2017ರೊಳಗೆ ಹನ್ನೊಂದು ಬಾರಿ ಈ ಸ್ಪರ್ಧೆ ಗೆದ್ದಿದ್ದಾರೆ. ಅವರ ಕೋಚ್ ಬಿಲ್ ಆರಿಸ್ ಕಟ್ಟಿದ್ದು ಒಬ್ಬ ತಾರೆಯನ್ನಲ್ಲ, ಒಟ್ಟಿಗೆ ಬರುವ ಐವರನ್ನು. ಅವರ ಓಟದ ವೀಡಿಯೊಗಳನ್ನು ನೋಡುವಾಗ ನಾನು ಮುಂದೆ ಓಡುವವಳನ್ನು ಬಿಟ್ಟು, ಅದೇ ಬಣ್ಣದ ಬನಿಯನ್ನು ಹಿಂದೆ ಎಲ್ಲೆಲ್ಲಿ ಕಾಣುತ್ತದೆ ಎಂದು ಹುಡುಕುತ್ತಿದ್ದೆ. ಬೇಗ ಬೇಗ ಸಿಗುತ್ತಿತ್ತು.

ನಮ್ಮಲ್ಲಿ ಹಿಂದಿನ ವರ್ಷದ ಓಟದ ಋತು ಮುಗಿದಾಗ ಮೊದಲನೆಯವಳಿಗೂ ಐದನೆಯವಳಿಗೂ ಒಂದು ನಿಮಿಷಕ್ಕೂ ಮೀರಿದ ಅಂತರವಿತ್ತು. ಮೊದಲ ಇಬ್ಬರಿಗೆ ನಮ್ಮಿಂದ ಆಗಬೇಕಾದದ್ದು ಕಡಿಮೆ. ಅವರು ಬೆಳಿಗ್ಗೆ ತಾವೇ ಎದ್ದು ಓಡುವವರು. ಹಾಗಾಗಿ ನನ್ನ ಪಾಲಿಗೆ ನಾಲ್ಕರಿಂದ ಏಳರವರೆಗಿನವರನ್ನು ವಹಿಸಿಕೊಂಡೆ. ಅವರಲ್ಲಿ ಒಬ್ಬಳು ಆಗಷ್ಟೇ ಫುಟ್‌ಬಾಲ್ ಬಿಟ್ಟು ಬಂದವಳು, ಒಬ್ಬಳು ಒಂಬತ್ತನೇ ತರಗತಿಯವಳು, ಇನ್ನಿಬ್ಬರು ವರ್ಷಗಟ್ಟಲೆ ಓಡಿಯೂ ತಾವು ಬರೀ ಲೆಕ್ಕ ತುಂಬುವವರು ಎಂದು ನಂಬಿಕೊಂಡಿದ್ದವರು. ಆ ನಂಬಿಕೆಯನ್ನು ಕೀಳುವುದು ಅವರ ಕಾಲಿಗೆ ಬಲ ತುಂಬುವುದಕ್ಕಿಂತ ಕಷ್ಟವಾಯಿತು.

ಜೂನ್‌ನಿಂದ ಆಗಸ್ಟ್ ಮಧ್ಯದವರೆಗೆ ನಿಧಾನದ ಓಟವೇ ಹೆಚ್ಚು. ಪೋರ್ಟ್‌ಲೆಂಡಿನ ಫಾರೆಸ್ಟ್ ಪಾರ್ಕಿನಲ್ಲಿ ಲೀಫ್ ಎರಿಕ್ಸನ್ ಎಂಬ ಮಣ್ಣು, ಕಲ್ಲುಪುಡಿಯ ದಾರಿಯಿದೆ. ಸುಮಾರು 18 ಕಿಲೋಮೀಟರ್ ಉದ್ದ, ಕಾರುಗಳಿಗೆ ಪ್ರವೇಶವಿಲ್ಲ, ಏರಿಳಿತ ಮೆಲ್ಲಗೆ. ಮಾತಾಡುತ್ತಾ ಓಡಬೇಕು, ಮಾತು ತುಂಡಾದರೆ ವೇಗ ಹೆಚ್ಚಾಗಿದೆ ಎಂದರ್ಥ. ವಾರದ ದೂರವನ್ನು ಒಂದೇ ಸಲ ಏರಿಸದೆ, ಮೂರು ವಾರ ಏರಿಸಿ ನಾಲ್ಕನೆಯ ವಾರ ಇಳಿಸಿದೆವು. ಒಂಬತ್ತನೇ ತರಗತಿಯ ಹುಡುಗಿ ದೊಡ್ಡವರಷ್ಟು ದೂರ ಓಡಲು ಹಟ ಹಿಡಿದಳು, ನಾನು ಬಿಡಲಿಲ್ಲ. ಬೆಳೆಯುವ ಮೂಳೆಗೆ ಅವಸರ ಆಗುವುದಿಲ್ಲ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಋತುವೇ ಕೈಬಿಡುತ್ತದೆ.

ಊಟದ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಹುಡುಗಿಯರ ತಂಡವನ್ನು ನೋಡಿಕೊಳ್ಳುವ ಯಾರೇ ಆಗಲಿ ಇದನ್ನು ಬಿಡುವಂತಿಲ್ಲ. ದೂರ ಓಡುವ, ಮುಟ್ಟಾಗುವ ವಯಸ್ಸಿನ ಹುಡುಗಿಯರಲ್ಲಿ ಕಬ್ಬಿಣಾಂಶ ಬೇಗ ಇಳಿಯುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್, ಅಂದರೆ ದೇಹ ಕೂಡಿಟ್ಟುಕೊಂಡ ಕಬ್ಬಿಣ, ತಳ ಮುಟ್ಟಿರಬಹುದು. ಆಗ ಹುಡುಗಿ ಕಾರಣವಿಲ್ಲದೆ ಸುಸ್ತಾಗುತ್ತಾಳೆ, ಓಟ ದಿನೇ ದಿನೇ ನಿಧಾನವಾಗುತ್ತದೆ, ನೋಡಿದವರು ಸೋಮಾರಿತನ ಎನ್ನುತ್ತಾರೆ. ಬೇಸಿಗೆಯಲ್ಲೇ ಎಲ್ಲ ತಂದೆತಾಯಿಯರಿಗೂ ತಮ್ಮ ವೈದ್ಯರ ಹತ್ತಿರ ಇದನ್ನು ಪರೀಕ್ಷೆ ಮಾಡಿಸಲು ಹೇಳಿದೆವು. ಫಲಿತಾಂಶ ಅವರಿಗೂ ವೈದ್ಯರಿಗೂ ಬಿಟ್ಟದ್ದು, ನಾವು ಕೇಳುತ್ತಿರಲಿಲ್ಲ. ಕಬ್ಬಿಣದ ಮಾತ್ರೆಯನ್ನು ವೈದ್ಯರು ಹೇಳದೆ ನುಂಗಬಾರದು ಎಂದೂ ಹೇಳಿದೆವು. ತಂಡದಲ್ಲಿ ನಮ್ಮ ಕಡೆಯ ಸಸ್ಯಾಹಾರಿ ಮನೆಯ ಹುಡುಗಿಯೂ ಒಬ್ಬಳಿದ್ದಳು. ಅವರ ತಾಯಿಗೆ ನಾನು ಹೇಳಿದ್ದು ಇಷ್ಟೇ: ಕಾಳಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಊಟದ ಜೊತೆಗೆ ಚಹಾ ಕೊಡಬೇಡಿ, ರಾತ್ರಿ ಊಟ ಬಿಡಲು ಬಿಡಬೇಡಿ. ನಿಂಬೆ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ, ಚಹಾ ಅಡ್ಡಿಪಡಿಸುತ್ತದೆ. ಮುಟ್ಟು ನಿಂತರೆ ಓಟಕ್ಕೆ ಅನುಕೂಲ ಎಂದು ಪಿಸುಮಾತಿನಲ್ಲಿ ಹೇಳಿಕೊಳ್ಳುವ ಹುಡುಗಿಯರು ಇಂದಿಗೂ ಇದ್ದಾರೆ. ಅದು ದೇಹಕ್ಕೆ ಊಟ ಸಾಲುತ್ತಿಲ್ಲ ಎಂಬುದರ ಗುರುತು. ಇದನ್ನು ನಾನು ಗಟ್ಟಿ ದನಿಯಲ್ಲಿ, ಎಲ್ಲರೆದುರಿಗೇ ಹೇಳಿದೆ.

ಸೆಪ್ಟೆಂಬರ್ ಬಂದ ಮೇಲೆ ವಾರಕ್ಕೆರಡು ಗಟ್ಟಿ ಅಭ್ಯಾಸ. ಒಂದು ದಿನ ಗುಡ್ಡ ಹತ್ತಿ ಇಳಿಯುವುದು, ಇನ್ನೊಂದು ದಿನ ಹುಲ್ಲಿನ ಮೇಲೆ 1,600 ಮೀಟರನ್ನು ಮತ್ತೆ ಮತ್ತೆ ಓಡುವುದು. ನಮ್ಮ ನಿಜವಾದ ಬದಲಾವಣೆ ಇಲ್ಲಿತ್ತು. ಮೂರರಿಂದ ಆರನೆಯವರೆಗಿನ ನಾಲ್ವರು ಭುಜಕ್ಕೆ ಭುಜ ಕೊಟ್ಟು, ನೊಗಕ್ಕೆ ಹೂಡಿದ ಎತ್ತುಗಳ ಹಾಗೆ, ಒಂದೇ ಹೆಜ್ಜೆಯಲ್ಲಿ ಓಡಬೇಕು. ಮೂರನೆಯವಳು ಮೊದಲ ಸುತ್ತುಗಳಲ್ಲಿ ವೇಗ ಹಿಡಿದಿಡುತ್ತಾಳೆ, ಕೊನೆಯ ಸುತ್ತಿನಲ್ಲಿ ಮಾತ್ರ ಯಾರಿಗೆ ಬೇಕೋ ಅವರು ಮುಂದೆ ಹೋಗಬಹುದು. ಮೂರನೆಯವಳ ಮನೆಯವರಿಗೆ ಇದು ಹಿಡಿಸಲಿಲ್ಲ, ತಮ್ಮ ಮಗಳನ್ನು ಹಿಂದೆ ಎಳೆಯುತ್ತಿದ್ದೇವೆ ಎಂದುಕೊಂಡರು. ಅಕ್ಟೋಬರಿನ ಹೊತ್ತಿಗೆ ಆ ಹುಡುಗಿಯ ಕೊನೆಯ ಸುತ್ತು ಮೊದಲಿಗಿಂತ ಚುರುಕಾಗಿತ್ತು. ಐದನೆಯವಳು ಅವಳ ಬೆನ್ನ ಹಿಂದೆ ಅಂಟಿಕೊಂಡಿರುವುದನ್ನು ಕಲಿತಿದ್ದಳು. ಮೊದಲನೆಯವಳಿಂದ ಐದನೆಯವಳವರೆಗಿನ ಅಂತರ ಮುಕ್ಕಾಲು ನಿಮಿಷದೊಳಗೆ ಬಂತು.

ನೂಕುನುಗ್ಗಲನ್ನೂ ಅಭ್ಯಾಸ ಮಾಡಿಸಿದೆವು. ಇಲ್ಲಿಯ ಹೈಸ್ಕೂಲುಗಳಲ್ಲಿ ಕ್ರಾಸ್ ಕಂಟ್ರಿಗೆ ಬಂದ ಮಕ್ಕಳನ್ನು ಸಾಮಾನ್ಯವಾಗಿ ತಂಡದಿಂದ ಕೈಬಿಡುವುದಿಲ್ಲ, ನಿಧಾನ ಓಡುವವರೂ ಋತುವಿಡೀ ಜೊತೆಗಿರುತ್ತಾರೆ. ಅವರನ್ನೆಲ್ಲ ಗೆರೆಯ ಮೇಲೆ ನಿಲ್ಲಿಸಿ, 300 ಮೀಟರ್ ಮುಂದೆ ಶಂಕುಗಳನ್ನಿಟ್ಟು ದಾರಿ ಇಕ್ಕಟ್ಟು ಮಾಡಿ, ಏಳು ಜನರನ್ನು ಅವರ ನಡುವೆ ಬಿಡುತ್ತಿದ್ದೆವು. ಮೊಣಕೈ ತಾಗಿದರೂ ಹೆಜ್ಜೆ ತಪ್ಪಬಾರದು. ಮೊದಲ 400 ಮೀಟರ್ ಜಾಗ ಹಿಡಿಯುವಷ್ಟು ಜೋರು, ಆಮೇಲೆ ಉಸಿರು ಹದಕ್ಕೆ ತಂದುಕೊಳ್ಳುವುದು. ರಾಷ್ಟ್ರೀಯ ಸ್ಪರ್ಧೆಯಲ್ಲಿ ಆರಂಭದಲ್ಲೇ 150ನೆಯ ಜಾಗಕ್ಕೆ ಸಿಕ್ಕಿಬಿದ್ದವಳಿಗೆ ಮುಂದೆ ಬರಲು ದಾರಿಯೇ ಇರುವುದಿಲ್ಲ.

ನವೆಂಬರ್ ಮೊದಲ ವಾರ ಯೂಜೀನ್ ಊರಿನ ಲೇನ್ ಕಮ್ಯೂನಿಟಿ ಕಾಲೇಜಿನಲ್ಲಿ ರಾಜ್ಯ ಸ್ಪರ್ಧೆ. ಅಲ್ಲಿಗೆ ಶಾಲೆಯ ಋತು ಮುಗಿಯುತ್ತದೆ. ಮುಂದಿನ ಓಟಗಳಿಗೆ ಶಾಲೆಯ ಹೆಸರು, ಶಾಲೆಯ ಬನಿಯನ್ನು ಬಳಸುವಂತಿಲ್ಲ, ಅದೇ ಹುಡುಗಿಯರು ಒಂದು ಕ್ಲಬ್ಬಿನ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬೇಕು. ಕಾಗದಪತ್ರದ ಕೆಲಸವನ್ನು ಪೋಷಕರು ಹಂಚಿಕೊಂಡರು. ಬಹಳ ತಂಡಗಳು ರಾಜ್ಯ ಸ್ಪರ್ಧೆಗೇ ತಮ್ಮ ಬಲವನ್ನೆಲ್ಲ ಖರ್ಚು ಮಾಡಿಬಿಡುತ್ತವೆ, ಡಿಸೆಂಬರಿಗೆ ಕಾಲು ಸೋತಿರುತ್ತದೆ. ನಾವು ರಾಜ್ಯ ಸ್ಪರ್ಧೆಯ ವಾರವೂ ದೂರವನ್ನು ಸ್ವಲ್ಪವೇ ಇಳಿಸಿದೆವು. ಹುಡುಗಿಯರು ಭಾರದ ಕಾಲಿನಲ್ಲೇ ಓಡಿ, ತಂಡವಾಗಿ ವೇದಿಕೆ ಹತ್ತಿದರು.

ವಲಯದ ಓಟ ಐಡಹೋ ರಾಜ್ಯದ ಬಾಯ್ಸಿ ಹತ್ತಿರದ ಈಗಲ್ ಐಲೆಂಡ್ ಪಾರ್ಕಿನಲ್ಲಿ. ಪೋರ್ಟ್‌ಲೆಂಡಿನಿಂದ ಸುಮಾರು 690 ಕಿಲೋಮೀಟರ್. ಕೊಲಂಬಿಯಾ ನದಿಯ ಕಣಿವೆ ಹಿಡಿದು, ಬ್ಲೂ ಮೌಂಟನ್ಸ್ ಹತ್ತಿ ಇಳಿಯಬೇಕು. ನವೆಂಬರಿನಲ್ಲಿ ಅಲ್ಲಿ ಹಿಮ ಬೀಳುತ್ತದೆ, ದಾರಿಯಲ್ಲಿ ಗಡಿಯಾರವೂ ಒಂದು ಗಂಟೆ ಮುಂದೆ ಹೋಗುತ್ತದೆ. ಆದ್ದರಿಂದ ಒಂದು ದಿನ ಮೊದಲೇ ಹೊರಟು, ನಡುನಡುವೆ ಇಳಿಸಿ ಕಾಲಾಡಿಸಿದೆವು.

ಅಲ್ಲಿ ನನ್ನ ಕೆಲಸ 3 ಕಿಲೋಮೀಟರಿನ ಗುರುತಿನ ಬಳಿ ನಿಂತು ಎಣಿಸುವುದು. ಊರಿನಿಂದ ಬಂದಿದ್ದ ಅವ್ವನೂ ಶಾಲು ಹೊದ್ದು ಪಕ್ಕದಲ್ಲಿ ನಿಂತಿದ್ದಳು. ಮುಂದಿನವರೆಲ್ಲ ಹೋದ ಮೇಲೂ ನಾನು ಬೆರಳು ಮಡಚುತ್ತಲೇ ಇದ್ದೆ. "ಮೊದಲ ಹೋದಾಕಿನ್ನ ಬಿಟ್ಟು ಹಿಂದ ಬರೋರನ್ನ ಯಾಕ ಎಣಸಾಕತ್ತಿ?" ಅಂದಳು. "ಅವ್ವಾ, ನಮ್ಮ ಐದನೇದಾಕಿ ಎಷ್ಟರಾಗ ಅದಾಳ ಅನ್ನೋದರ ಮ್ಯಾಲ ಎಲ್ಲಾ ಐತಿ" ಅಂದೆ. ಓಡುವವಳಿಗೆ ಆಗ ಸಮಯ ಹೇಳಿ ಪ್ರಯೋಜನವಿಲ್ಲ. ಯಾವ ಬಣ್ಣದ ಬನಿಯನ್ನು ಎಷ್ಟು ದೂರದಲ್ಲಿದೆ ಎಂದು ಹೇಳಬೇಕು. "ಮುಂದೆ ಎರಡು ನೀಲಿ, ಇಬ್ಬರನ್ನೂ ಹಿಡಿ" ಎಂದು ಕೂಗಿದೆ. ಫುಟ್‌ಬಾಲ್ ಬಿಟ್ಟು ಬಂದ ಹುಡುಗಿ ಕೊನೆಯ ನೇರ ದಾರಿಯಲ್ಲಿ ಇಬ್ಬರನ್ನೂ ದಾಟಿ, ಇನ್ನೂ ಕೆಲವರನ್ನು ಹಿಂದೆ ಹಾಕಿದಳು. ನಾವು ಎರಡನೆಯವರಾದೆವು. ಮೂರನೆಯ ತಂಡಕ್ಕೂ ನಮಗೂ ಇದ್ದ ಅಂತರ ಅವಳು ಕೊನೆಯಲ್ಲಿ ದಾಟಿದವರ ಸಂಖ್ಯೆಗಿಂತ ಕಡಿಮೆ.

ರಾಷ್ಟ್ರೀಯ ಸ್ಪರ್ಧೆಗೆ ಉಳಿದ ವಾರಗಳಲ್ಲಿ ಹೊಸದೇನೂ ಕಲಿಸಲಿಲ್ಲ. ಅರ್ಹತೆ ಪಡೆದವರಿಗೆ ನೈಕಿ ಹೊಸ ಉಡುಪು, ಹೊಸ ಸ್ಪೈಕ್ ಶೂ ಕೊಟ್ಟಿತು. ಹುಡುಗಿಯರ ಸಂಭ್ರಮ ಕಂಡು ನನಗೂ ಖುಷಿಯಾಯಿತು, ಆದರೆ ಶೂ ಕಾಲಿಗೆ ಒಗ್ಗದವರು ಹಳೆಯದನ್ನೇ ಹಾಕಿಕೊಳ್ಳಲಿ ಎಂದೆವು. ಗ್ಲೆಂಡೋವೀರ್ ಚಪ್ಪಟೆಯಲ್ಲ, ಚಿಕ್ಕ ಚಿಕ್ಕ ಏರುಗಳು ಬಂದು ಬಂದು ತೊಡೆ ಕಟ್ಟುತ್ತವೆ. ಡಿಸೆಂಬರಿನ ಮಳೆಗೆ ಹುಲ್ಲು ನೆನೆದು, ತಿರುವುಗಳಲ್ಲಿ ಕೆಸರಾಗುತ್ತದೆ. ಮುನ್ನಾದಿನ ದಾರಿ ನಡೆದು ನೋಡಿ, ಶೂ ತಳದ ಮೊಳೆಗಳನ್ನು ತೆಗೆದು 12 ಮಿಲಿಮೀಟರಿನವನ್ನು ಹಾಕಿದೆವು, ಲಾಡಿ ಬಿಚ್ಚದಂತೆ ಮೇಲೆ ಟೇಪು ಸುತ್ತಿದೆವು.

ಓಟದ ದಿನ ನಮ್ಮ ಮೂರನೆಯವಳಿಗೆ ನೆಗಡಿ. ಜ್ವರವಿರಲಿಲ್ಲ, ವೈದ್ಯರು ಓಡಬಹುದು ಎಂದಿದ್ದರು. ಎರಡನೆಯ ಕಿಲೋಮೀಟರಿನ ಏರಿನಲ್ಲೇ ಅವಳು ಹಿಂದೆ ಸರಿಯುವುದು ಕಂಡಿತು. ಗುಂಪಿನ ಉಳಿದ ಮೂವರು ಕ್ಷಣ ತಡವರಿಸಿದರು. ನಂತರ ನಾಲ್ಕನೆಯವಳು ಮುಂದೆ ನಿಂತು ವೇಗ ಹಿಡಿದಳು, ಮಿಕ್ಕವರು ಅವಳಿಗೆ ಅಂಟಿಕೊಂಡರು. ಆರನೆಯವಳು ಒಂಬತ್ತನೇ ತರಗತಿಯ ಹುಡುಗಿ, ಆ ದಿನ ತಂಡದ ಐದನೆಯವಳಾಗಿ ಬಂದಳು. ಒಟ್ಟಾರೆ 120ರ ಆಚೀಚೆ. ತಂಡವಿಲ್ಲದೆ ಬಂದವರನ್ನು ತಂಡದ ಲೆಕ್ಕದಿಂದ ತೆಗೆಯುತ್ತಾರೆ, ಅವರಲ್ಲಿ ಹೆಚ್ಚಿನವರು ಮುಂದೆಯೇ ಇರುತ್ತಾರೆ. ಹಾಗಾಗಿ ಅವಳ ಅಂಕ 80ರ ಆಸುಪಾಸಿಗೆ ಇಳಿಯಿತು. 22 ತಂಡಗಳಲ್ಲಿ ನಾವು ಹದಿಮೂರನೆಯವರು. ಬೇಸಿಗೆಯಲ್ಲಿ ಆರನೆಯವಳನ್ನು ಬೆಳೆಸದಿದ್ದರೆ ಕೊನೆಯ ಮೂರ್ನಾಲ್ಕು ತಂಡಗಳಲ್ಲಿ ಇರುತ್ತಿದ್ದೆವು. ಆ ಸಂಜೆಯೇ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ನೆಗಡಿಯ ಹುಡುಗಿಯೂ ಗೆರೆ ದಾಟಿದಳು. ಅವಳು ಬಿಡದೆ ಓಡಿದ್ದರಿಂದ ಅವಳ ಹಿಂದೆ ಬಂದ ಬೇರೆ ತಂಡದವರಿಗೆ ಒಂದೊಂದು ಅಂಕ ಹೆಚ್ಚಾಯಿತು. ಆರು, ಏಳನೆಯವರ ಕೆಲಸವೇ ಅದು. ಅವಳಿಗೆ ಇದನ್ನು ವಿವರಿಸಿ ಹೇಳಿದೆ. ಆಗ ಅವಳ ತಾಯಿಯೂ ಜೊತೆಗಿದ್ದರು.

ಓಟದ ನಂತರ ಎರಡು ವಾರ ಯಾರೂ ಓಡಕೂಡದು ಎಂದು ಕಟ್ಟುನಿಟ್ಟು ಮಾಡಿದೆವು. ಈಜು, ನಡಿಗೆ, ನಿದ್ದೆ ಅಷ್ಟೇ. ಮೊದಲ ಇಬ್ಬರೂ ಮುಂದಿನ ಜೂನಿಗೆ ಶಾಲೆ ಮುಗಿಸಿ ಹೋಗುವವರು, ಆದ್ದರಿಂದ ಅಂತರದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗಬೇಕು. ನಿಧಾನ ಓಡುವವರ ಗುಂಪಿನಿಂದ ಮೂವರು ಹುಡುಗಿಯರನ್ನು ಗುರುತು ಮಾಡಿ, ಬೇಸಿಗೆಯಲ್ಲಿ ಫಾರೆಸ್ಟ್ ಪಾರ್ಕಿಗೆ ಕಳಿಸುವಿರಾ ಎಂದು ಅವರ ಮನೆಗಳಿಗೆ ಜನವರಿಯಲ್ಲೇ ಕೇಳಿದ್ದೇನೆ. ಇಬ್ಬರು ಒಪ್ಪಿದ್ದಾರೆ.