ಪೈ ಝೀರೋವನ್ನು ಯುಎಸ್‌ಬಿ ಸಾಧನವಾಗಿ ಸಜ್ಜುಗೊಳಿಸುವುದು ಹೇಗೆ?

ರಾಸ್ಪ್‌ಬೆರಿ ಪೈ ಝೀರೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಒಂದೇ ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ವಿದ್ಯುತ್ತು, ಸೀರಿಯಲ್ ಕನ್ಸೋಲ್ (ಅಕ್ಷರಗಳಲ್ಲಿ ಕಮಾಂಡ್ ಕೊಡುವ ಪರದೆ), ನೆಟ್‌ವರ್ಕ್ ಮೂರನ್ನೂ ಪಡೆಯಬಹುದು. ಒಮ್ಮೆ ಸಜ್ಜುಗೊಳಿಸಿದ ಮೇಲೆ ಮಾನಿಟರ್ ಬೇಡ, ಕೀಬೋರ್ಡ್ ಬೇಡ, ವೈಫೈ ಕೂಡ ಬೇಡ. ಲಿನಕ್ಸ್ ಕರ್ನಲ್‌ನಲ್ಲಿರುವ ಯುಎಸ್‌ಬಿ ಗ್ಯಾಜೆಟ್ ವ್ಯವಸ್ಥೆಯಿಂದ, ಅಂದರೆ ಬೋರ್ಡನ್ನೇ ಯುಎಸ್‌ಬಿ ಸಾಧನವಾಗಿ ತೋರಿಸುವ ವ್ಯವಸ್ಥೆಯಿಂದ, ಇದು ಸಾಧ್ಯ. ಆದರೂ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು, ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರುಗಳು ಇದರ ಮುಂದೆ ದಿನಗಟ್ಟಲೆ ಕೂತು, ಬೇಸತ್ತು, ಕೊನೆಗೆ ಬೋರ್ಡನ್ನೇ ದೂರುವುದನ್ನು ನೋಡುತ್ತಲೇ ಇದ್ದೇನೆ. ಬೋರ್ಡು ಕೆಟ್ಟಿರುವುದು ಅಪರೂಪ. ಮಾಡಬೇಕಾದ್ದನ್ನೆಲ್ಲ ಮಾಡಿರುತ್ತಾರೆ, ಅನುಕ್ರಮ ತಪ್ಪಿರುತ್ತದೆ. ಇಲ್ಲವೇ ಲ್ಯಾಪ್‌ಟಾಪ್ ಒಮ್ಮೆ ಟಣ್ ಎಂದು ಸದ್ದು ಮಾಡಿದ ಕೂಡಲೇ ಪರೀಕ್ಷೆ ಮುಗಿಯಿತೆಂದು ಎದ್ದುಬಿಟ್ಟಿರುತ್ತಾರೆ.

ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಫೈಲ್ ಮತ್ತು ಕಮಾಂಡ್‌ಗಳ ಹೆಸರನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು.

ಹಂತ 1: ಬೋರ್ಡ್ ಮತ್ತು ಕೇಬಲ್

ಪೈ ಝೀರೋ, ಝೀರೋ ಡಬ್ಲ್ಯೂ, ಝೀರೋ 2 ಡಬ್ಲ್ಯೂ ಯಾವುದಾದರೂ ಸರಿ. ಪೈ 4ರಲ್ಲಿ ಟೈಪ್-ಸಿ ಪೋರ್ಟಿನ ಮೂಲಕ ಇದೇ ಕೆಲಸ ಮಾಡಬಹುದು. ಪೈ 3ಬಿ ಆಗದು. ಅದರ ಪ್ರೊಸೆಸರಿನ ಯುಎಸ್‌ಬಿ ದಾರಿ ನೇರವಾಗಿ ಹಬ್ ಚಿಪ್‌ಗೆ ಹೋಗುತ್ತದೆ. ಝೀರೋದಲ್ಲಿ ಎರಡು ಮೈಕ್ರೋ ಪೋರ್ಟ್‌ಗಳಿವೆ. ಕೇಬಲ್ ಚುಚ್ಚಬೇಕಾದದ್ದು ಯುಎಸ್‌ಬಿ ಎಂದು ಬರೆದಿರುವುದಕ್ಕೆ, ಪವರ್ ಇನ್ ಎಂದು ಬರೆದಿರುವುದಕ್ಕಲ್ಲ. ಎರಡಕ್ಕೂ ಒಟ್ಟಿಗೆ ವಿದ್ಯುತ್ ಕೊಡಬೇಡಿ.

ಕೇಬಲ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಚಾರ್ಜಿಂಗ್‌ಗೆಂದೇ ಮಾಡಿದ ಅಗ್ಗದ ಕೇಬಲುಗಳಲ್ಲಿ ದತ್ತಾಂಶದ ಎರಡು ತಂತಿಗಳೇ ಇರುವುದಿಲ್ಲ. ಬೋರ್ಡಿನ ದೀಪ ಹತ್ತುತ್ತದೆ, ಲ್ಯಾಪ್‌ಟಾಪ್ ಮಾತ್ರ ಮೌನ. ಕೈಯಲ್ಲಿರುವ ಕೇಬಲಿನಿಂದ ಹಳೆಯ ಫೋನೊಂದನ್ನು ಜೋಡಿಸಿ ಫೋಟೊ ನಕಲಿಸಿ ನೋಡಿ. ನಕಲಾಗದಿದ್ದರೆ ಆ ಕೇಬಲನ್ನು ಕಸಕ್ಕೆ ಹಾಕಿ. ಡ್ರಾಯರಿನಲ್ಲಿಟ್ಟರೆ ಮುಂದಿನ ತಿಂಗಳು ಮತ್ತೆ ಅದೇ ಕೈಗೆ ಸಿಗುತ್ತದೆ.

ಹಂತ 2: ಕಂಟ್ರೋಲರನ್ನು ಎಬ್ಬಿಸುವುದು

ಕಂಟ್ರೋಲರ್ ಎಂದರೆ ಬೋರ್ಡಿನಲ್ಲಿ ಯುಎಸ್‌ಬಿ ಸಂಪರ್ಕ ನಡೆಸುವ ಭಾಗ. ಬೂಟ್ ವಿಭಾಗದ ಕಾನ್ಫಿಗ್.ಟಿಎಕ್ಸ್‌ಟಿ ಫೈಲಿಗೆ ಡಿಟಿಓವರ್‌ಲೇ=ಡಿಡಬ್ಲ್ಯೂಸಿ2 ಎಂಬ ಸಾಲು ಸೇರಿಸಿ. ರಾಸ್ಪ್‌ಬೆರಿ ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಯಿಂದ ಈ ಫೈಲು ಬೂಟ್ ಫೋಲ್ಡರಿನೊಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿದೆ. ಸಾಲು ‘ಆಲ್’ ಎಂಬ ಚೌಕ ಆವರಣದ ವಿಭಾಗದ ಕೆಳಗೇ ಇರಬೇಕು. ಸಿಎಂ4 ಎಂಬ ಬೇರೆ ಬೋರ್ಡಿನ ವಿಭಾಗದೊಳಗೆ ಬಿದ್ದರೆ ಝೀರೋ ಅದನ್ನು ಓದುವುದಿಲ್ಲ. ರೀಬೂಟ್ ಮಾಡಿ, ಮೋಡ್‌ಪ್ರೋಬ್‌ನಿಂದ ಗ್ಯಾಜೆಟ್ ಕಟ್ಟಲು ಬೇಕಾದ ಲಿಬ್‌ಕಾಂಪೋಸಿಟ್ ಮಾಡ್ಯೂಲ್ ಲೋಡ್ ಮಾಡಿ. /ಸಿಸ್/ಕ್ಲಾಸ್/ಯುಡಿಸಿ ಫೋಲ್ಡರಿನಲ್ಲಿ ಒಂದು ಹೆಸರು ಕಾಣಬೇಕು: ಮೊದಲ ಝೀರೋದಲ್ಲಿ 20980000.ಯುಎಸ್‌ಬಿ, ಝೀರೋ 2ರಲ್ಲಿ 3ಎಫ್980000.ಯುಎಸ್‌ಬಿ, ಪೈ 4ರಲ್ಲಿ ಎಫ್‌ಇ980000.ಯುಎಸ್‌ಬಿ. ಅದು ಖಾಲಿ ಇದ್ದರೆ ಮುಂದಿನ ಯಾವ ಹಂತವೂ ನಡೆಯದು. ಇಲ್ಲೇ ನಿಂತು ಸರಿಪಡಿಸಿ.

ಅಂತರಜಾಲದ ಬಹಳಷ್ಟು ಪಾಠಗಳು ಈ ಹಂತದಲ್ಲಿ ಜಿ_ಈಥರ್ ಎಂಬ ಹಳೆಯ ಮಾಡ್ಯೂಲನ್ನು ಬೂಟ್ ಸಾಲಿಗೆ (ಸಿಎಂಡಿಲೈನ್.ಟಿಎಕ್ಸ್‌ಟಿ ಫೈಲಿಗೆ) ಸೇರಿಸಿ ಎನ್ನುತ್ತವೆ. ಅದು ಅಡ್ಡದಾರಿ. ನೆಟ್‌ವರ್ಕ್ ಸಿಗುತ್ತದೆ ನಿಜ, ಆದರೆ ಇರುವ ಒಂದೇ ಕಂಟ್ರೋಲರನ್ನು ಅದು ಹಿಡಿದುಕೊಂಡುಬಿಡುತ್ತದೆ. ಆಮೇಲೆ ಸೀರಿಯಲ್ ಕೂಡ ಬೇಕೆಂದು ಹೊರಟರೆ ಬೋರ್ಡು ‘ಬ್ಯುಸಿ’ ಎನ್ನುತ್ತದೆ. ಹಿಂದೆ ಯಾವಾಗಲೋ ಸೇರಿಸಿದ್ದರೆ ತೆಗೆದುಹಾಕಿ.

ಹಂತ 3: ಗ್ಯಾಜೆಟ್ ಕಟ್ಟುವುದು

ಎಲ್ಲರೂ ಎಡವುವ ಜಾಗ ಇದು. ಇಲ್ಲಿ ಅವಸರ ಬೇಡ.

ಮೊದಲು ಸುಡೋ -ಐ ಕೊಟ್ಟು ಪೂರ್ತಿ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ. ಪ್ರತಿ ಎಕೋ ಕಮಾಂಡಿನ ಮುಂದೆ ಸುಡೋ ಸೇರಿಸುವವರಿಗೆ ‘ಪರ್ಮಿಷನ್ ಡಿನೈಡ್’ ಎಂಬ ಉತ್ತರ ಬರುತ್ತದೆ. ಸುಡೋ ಅಧಿಕಾರ ಎಕೋಗೆ ಮಾತ್ರ ಸಿಗುತ್ತದೆ; ಬಾಣದ ಗುರುತು (>) ಫೈಲನ್ನು ತೆರೆಯುವುದು ನಿಮ್ಮ ಸಾಮಾನ್ಯ ಶೆಲ್‌ನಲ್ಲಿ.

/ಸಿಸ್/ಕರ್ನಲ್/ಕಾನ್ಫಿಗ್/ಯುಎಸ್‌ಬಿ_ಗ್ಯಾಜೆಟ್ ಎಂಬಲ್ಲಿಗೆ ಹೋಗಿ ಎಂಕೆಡಿಐಆರ್‌ನಿಂದ ಜಿ1 ಫೋಲ್ಡರ್ ಮಾಡಿ. ಒಳಹೊಕ್ಕು ನೋಡಿದರೆ ನೀವು ಮಾಡದ ಫೈಲುಗಳು ಅಲ್ಲಿ ಆಗಲೇ ಇರುತ್ತವೆ. ಇದು ಕಾರ್ಡಿನ ಮೇಲಿನ ಫೋಲ್ಡರಲ್ಲ, ಕರ್ನಲ್‌ನ ನೆನಪಿನೊಳಗಿನ ರಚನೆ. ಫೋಲ್ಡರ್ ಮಾಡಿದಿರಿ ಎಂದರೆ ಕರ್ನಲ್ ಒಂದು ಹೊಸ ಗ್ಯಾಜೆಟ್ ಸೃಷ್ಟಿಸಿತು ಎಂದರ್ಥ.

ಈಗ ಗುರುತು ಬರೆಯಿರಿ. ಐಡಿವೆಂಡರ್ ಫೈಲಿಗೆ 0ಎಕ್ಸ್1ಡಿ6ಬಿ, ಐಡಿಪ್ರಾಡಕ್ಟ್‌ಗೆ 0ಎಕ್ಸ್0104. ಮೊದಲನೆಯದು ಲಿನಕ್ಸ್ ಫೌಂಡೇಷನ್‌ನ ಸಂಖ್ಯೆ, ಎರಡನೆಯದು ಹಲವು ಕಾರ್ಯಗಳ ಸಂಯುಕ್ತ ಗ್ಯಾಜೆಟ್‌ನದು. ಹೆಸರಿನ ನಡುವಿನ ವಿ ಮತ್ತು ಪಿ ದೊಡ್ಡಕ್ಷರ ಎಂಬುದನ್ನು ಮರೆಯಬೇಡಿ. ವಿಂಡೋಸ್ ಯಂತ್ರಕ್ಕೆ ಜೋಡಿಸುವುದಿದ್ದರೆ ಬಿಡಿವೈಸ್‌ಕ್ಲಾಸ್‌ಗೆ 0ಎಕ್ಸ್‌ಇಎಫ್, ಸಬ್‌ಕ್ಲಾಸ್‌ಗೆ 0ಎಕ್ಸ್02, ಪ್ರೊಟೊಕಾಲ್‌ಗೆ 0ಎಕ್ಸ್01 ಬರೆಯಿರಿ. ಒಂದೇ ಸಾಧನದಲ್ಲಿ ಹಲವು ಕಾರ್ಯಗಳಿವೆ, ಯಾವ ಇಂಟರ್‌ಫೇಸ್ ಯಾವ ಕಾರ್ಯಕ್ಕೆ ಸೇರಿದ್ದೆಂದು ಗುಂಪು ಮಾಡಿ ನೋಡು ಎಂಬ ಸೂಚನೆ ಇದು. ಸ್ಟ್ರಿಂಗ್ಸ್ ಫೋಲ್ಡರಿನೊಳಗೆ 0ಎಕ್ಸ್409 (ಇಂಗ್ಲಿಷ್ ಭಾಷೆಯ ಸಂಕೇತ) ಫೋಲ್ಡರ್ ಮಾಡಿ ಸೀರಿಯಲ್ ಸಂಖ್ಯೆ, ತಯಾರಕರು, ಉತ್ಪನ್ನದ ಹೆಸರು ಮೂರನ್ನೂ ತುಂಬಿ. ಸೀರಿಯಲ್ ಸಂಖ್ಯೆಯನ್ನು ಖಾಲಿ ಬಿಡಬೇಡಿ. ಒಂದೇ ಲ್ಯಾಪ್‌ಟಾಪಿಗೆ ಎರಡು ಬೋರ್ಡು ಜೋಡಿಸಿದ ದಿನ ಅದರ ಬೆಲೆ ಗೊತ್ತಾಗುತ್ತದೆ.

ನಂತರ ಫಂಕ್ಷನ್ಸ್ ಫೋಲ್ಡರಿನೊಳಗೆ ಎಸಿಎಂ.ಯುಎಸ್‌ಬಿ0 ಮತ್ತು ಎನ್‌ಸಿಎಂ.ಯುಎಸ್‌ಬಿ0 ಎಂಬ ಎರಡು ಫೋಲ್ಡರ್ ಮಾಡಿ. ಚುಕ್ಕಿಯ ಹಿಂದಿನದು ಕಾರ್ಯದ ಬಗೆ, ಮುಂದಿನದು ನಿಮ್ಮಿಷ್ಟದ ಹೆಸರು. ಎಸಿಎಂ ಎಂದರೆ ಸೀರಿಯಲ್ ಪೋರ್ಟ್, ಎನ್‌ಸಿಎಂ ಎಂದರೆ ನೆಟ್‌ವರ್ಕ್. ನೆಟ್‌ವರ್ಕ್‌ಗೆ ಮೈಕ್ರೋಸಾಫ್ಟ್‌ನ ಆರ್‌ಎನ್‌ಡಿಐಎಸ್ ಬಳಸಿ ಎಂಬ ಹಳೆಯ ಸಲಹೆಯನ್ನು ಬಿಡಿ. ಮ್ಯಾಕ್ ಯಂತ್ರಗಳು ಅದನ್ನು ಕೇಳುವುದೇ ಇಲ್ಲ. ಎನ್‌ಸಿಎಂ ಲಿನಕ್ಸ್, ಮ್ಯಾಕ್, ವಿಂಡೋಸ್ 11 ಮೂರರಲ್ಲೂ ಬೇರೆ ಡ್ರೈವರ್ ಇಲ್ಲದೆ ನಡೆಯುತ್ತದೆ.

ಎನ್‌ಸಿಎಂ ಫೋಲ್ಡರಿನಲ್ಲಿರುವ ಡೆವ್_ಆಡ್ರ್ ಮತ್ತು ಹೋಸ್ಟ್_ಆಡ್ರ್ ಫೈಲುಗಳಿಗೆ ಎರಡು ಬೇರೆ ಬೇರೆ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ, ಮ್ಯಾಕ್ ಯಂತ್ರಕ್ಕೂ ಇದಕ್ಕೂ ಸಂಬಂಧವಿಲ್ಲ) ಬರೆಯಿರಿ. ಎರಡೂ 02ರಿಂದ ಶುರುವಾಗಲಿ. ಅದು ಸ್ವಂತ ಬಳಕೆಗೆ ಬಿಟ್ಟಿರುವ ವಿಳಾಸಗಳ ಗುಂಪು. ಬರೆಯದಿದ್ದರೆ ಕರ್ನಲ್ ಪ್ರತಿ ಸಲವೂ ಮನಬಂದ ವಿಳಾಸ ಕೊಡುತ್ತದೆ, ಲ್ಯಾಪ್‌ಟಾಪ್ ಪ್ರತಿ ಸಲವೂ ಹೊಸ ಕಾರ್ಡ್ ಬಂತೆಂದು ತಿಳಿಯುತ್ತದೆ, ನೀವು ನಿನ್ನೆ ಹಾಕಿದ ಐಪಿ ವಿಳಾಸ ಇಂದು ಇರುವುದಿಲ್ಲ.

ಇದನ್ನು ಬರೆಯಬೇಕಾದದ್ದು ಈಗಲೇ. ಏಕೆಂದರೆ ಮುಂದಿನ ಕೆಲಸ ಕಾನ್ಫಿಗ್ಸ್ ಫೋಲ್ಡರಿನಲ್ಲಿ ಸಿ.1 ಮಾಡಿ, ಮ್ಯಾಕ್ಸ್‌ಪವರ್‌ಗೆ 500 ಮಿಲಿಆಂಪಿಯರ್ ಮೀರದ ಸಂಖ್ಯೆ ಕೊಟ್ಟು, ಎಲ್‌ಎನ್ -ಎಸ್‌ನಿಂದ ಎರಡೂ ಕಾರ್ಯಗಳ ಕೊಂಡಿಯನ್ನು ಸಿ.1ರೊಳಗೆ ಹಾಕುವುದು. ಕೊಂಡಿ ಬಿದ್ದ ಕ್ಷಣದಿಂದ ಆ ವಿಳಾಸಗಳನ್ನು ಬದಲಿಸಲಾಗುವುದಿಲ್ಲ, ಕರ್ನಲ್ ‘ಬ್ಯುಸಿ’ ಎಂದು ತಿರಸ್ಕರಿಸುತ್ತದೆ. ಇಡ್ಲಿಯನ್ನು ಹಬೆಗಿಟ್ಟ ಮೇಲೆ ಹಿಟ್ಟಿಗೆ ಉಪ್ಪು ಹಾಕಲಾಗದ ಹಾಗೆ.

ಎಲ್ಲಕ್ಕಿಂತ ಕೊನೆಗೆ, ಹಂತ 2ರಲ್ಲಿ ಕಂಡ ಕಂಟ್ರೋಲರ್ ಹೆಸರನ್ನು ಜಿ1ರೊಳಗಿನ ಯುಡಿಸಿ ಎಂಬ ಫೈಲಿಗೆ ಬರೆಯಿರಿ. ಆಗ ಮಾತ್ರ ಲ್ಯಾಪ್‌ಟಾಪಿಗೆ ನಿಮ್ಮ ಬೋರ್ಡು ಕಾಣುತ್ತದೆ. ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಬಂದರೆ ಸಿ.1ರೊಳಗೆ ಕೊಂಡಿ ಇದೆಯೇ ನೋಡಿ. ಖಾಲಿ ಕಾನ್ಫಿಗರೇಷನ್ ಅನ್ನು ಕರ್ನಲ್ ಒಪ್ಪುವುದಿಲ್ಲ. ‘ಬ್ಯುಸಿ’ ಬಂದರೆ ಹೆಸರಿನ ಕಾಗುಣಿತ ನೋಡಿ, ಜಿ_ಈಥರ್ ಇನ್ನೂ ಕೂತಿದೆಯೇ ನೋಡಿ. ಆಮೇಲೆ ಹೊಸ ಕಾರ್ಯ ಸೇರಿಸಬೇಕೆನಿಸಿದರೆ ಯುಡಿಸಿ ಫೈಲಿಗೆ ಖಾಲಿ ಸಾಲು ಬರೆದು ಬಿಡಿಸಿ, ಸೇರಿಸಿ, ಮತ್ತೆ ಕಟ್ಟಿ. ವಿಂಡೋಸ್ ಹಳೆಯ ಜೋಡಣೆಯನ್ನೇ ನೆನಪಿಟ್ಟುಕೊಂಡಿರಬಹುದಾದ್ದರಿಂದ ಬಿಸಿಡಿಡಿವೈಸ್ (ಸಾಧನದ ಆವೃತ್ತಿ) ಸಂಖ್ಯೆಯನ್ನೂ ಒಂದು ಹೆಚ್ಚಿಸಿ. ಕಾರ್ಯಗಳನ್ನು ಸಿಕ್ಕಾಪಟ್ಟೆ ಪೇರಿಸಬೇಡಿ. ಎಸಿಎಂ, ಎನ್‌ಸಿಎಂ ತಲಾ ಮೂರು ಎಂಡ್‌ಪಾಯಿಂಟ್ (ದತ್ತಾಂಶ ಹೋಗಿಬರುವ ದಾರಿ) ತಿನ್ನುತ್ತವೆ, ಕಂಟ್ರೋಲರಿನಲ್ಲಿ ಅವು ಬೇಕಾದಷ್ಟಿಲ್ಲ.

ಪೆನ್‌ಡ್ರೈವ್‌ನಂತೆ ಕಾಣಿಸುವ ಮಾಸ್_ಸ್ಟೋರೇಜ್ ಕಾರ್ಯದ ಬಗ್ಗೆ ಒಂದು ಎಚ್ಚರಿಕೆ. ಅದಕ್ಕೆಂದೇ ಒಂದು ಇಮೇಜ್ ಫೈಲ್ ಮಾಡಿ ಕೊಡಿ. ಬೋರ್ಡು ಓಡುತ್ತಿರುವ ಕಾರ್ಡಿನ ವಿಭಾಗವನ್ನೇ ಕೊಟ್ಟರೆ ಬೋರ್ಡು ಮತ್ತು ಲ್ಯಾಪ್‌ಟಾಪ್ ಎರಡೂ ಒಂದರ ಅರಿವಿಲ್ಲದೆ ಇನ್ನೊಂದು ಅದೇ ಜಾಗದಲ್ಲಿ ಬರೆಯುತ್ತವೆ, ಕಡತ ವ್ಯವಸ್ಥೆ ಹಾಳಾಗುತ್ತದೆ. ಇಮೇಜ್ ಫೈಲನ್ನೂ ಎರಡು ಕಡೆ ಒಟ್ಟಿಗೆ ಮೌಂಟ್ ಮಾಡಬಾರದು.

ಹಂತ 4: ಪರೀಕ್ಷೆ

ಮೊದಲು ಬೋರ್ಡಿನ ಕಡೆ. /ಸಿಸ್/ಕ್ಲಾಸ್/ಯುಡಿಸಿ ಕೆಳಗೆ ಕಂಟ್ರೋಲರಿನ ಫೋಲ್ಡರಿನಲ್ಲಿ ಸ್ಟೇಟ್ ಎಂಬ ಫೈಲಿದೆ. ಅದರಲ್ಲಿ ‘ಕಾನ್ಫಿಗರ್ಡ್’ ಎಂದಿರಬೇಕು. ‘ನಾಟ್ ಅಟ್ಯಾಚ್ಡ್’ ಎಂದರೆ ಕೇಬಲ್ ಅನುಮಾನಿಸಿ. ಪಕ್ಕದ ಕರೆಂಟ್_ಸ್ಪೀಡ್‌ನಲ್ಲಿ ‘ಹೈ-ಸ್ಪೀಡ್’ ಎಂದಿರಬೇಕು. ‘ಫುಲ್-ಸ್ಪೀಡ್’ ಎಂಬ ಹೆಸರು ನಂಬಿ ಖುಷಿಪಡಬೇಡಿ. ಅದು ಸೆಕೆಂಡಿಗೆ 12 ಮೆಗಾಬಿಟ್, ಹೈ-ಸ್ಪೀಡ್ 480.

ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಕರ್ನಲ್ ಸಂದೇಶಗಳನ್ನು ತೋರಿಸುವ ಡಿಎಂಇಎಸ್‌ಜಿ ಕಮಾಂಡನ್ನು ಡಬ್ಲ್ಯೂ ಆಯ್ಕೆಯೊಂದಿಗೆ ಒಂದು ಕಿಟಕಿಯಲ್ಲಿ ತೆರೆದಿಡಿ, ಕೆಲಸ ಮುಗಿಯುವವರೆಗೂ ಮುಚ್ಚಬೇಡಿ. ‘ಎರರ್ -71’ ಸಾಲುಸಾಲಾಗಿ ಬಂದರೆ ತಂತಿಯ ಮೇಲೆ ಸಂಕೇತವೇ ಕೆಡುತ್ತಿದೆ: ಕೇಬಲ್ ಬದಲಿಸಿ, ಹಬ್ ಬಿಟ್ಟು ನೇರವಾಗಿ ಜೋಡಿಸಿ. ಎಲ್‌ಎಸ್‌ಯುಎಸ್‌ಬಿಯನ್ನು ಟಿ ಆಯ್ಕೆಯೊಂದಿಗೆ ಓಡಿಸಿ, ಪ್ರತಿ ಇಂಟರ್‌ಫೇಸ್‌ನ ಎದುರೂ ಡ್ರೈವರ್ ಹೆಸರು ಬಂದಿದೆಯೇ ನೋಡಿ. ಸಾಧನ ಕಾಣಿಸಿದರೂ ಡ್ರೈವರ್ ಕೂರದೆ ಇರುವುದುಂಟು.

ಸೀರಿಯಲ್‌ಗೆ ಬೋರ್ಡಿನಲ್ಲಿ ಟಿಟಿವೈಜಿಎಸ್0 ಮೇಲೆ ಲಾಗಿನ್ ಕೇಳುವ ಗೆಟ್ಟಿ ಸೇವೆ ಶುರು ಮಾಡಿ. ಲ್ಯಾಪ್‌ಟಾಪಿನಲ್ಲಿ ಟಿಟಿವೈಎಸಿಎಂ0 ತೆರೆದರೆ ಲಾಗಿನ್ ಬರಬೇಕು. ಲಾಗಿನ್ ಜಾಗದಲ್ಲಿ ಎಟಿ ಎಂದು ಶುರುವಾಗುವ ಅಕ್ಷರಗಳು ತಾವಾಗಿಯೇ ಬೀಳುತ್ತಿದ್ದರೆ ಅದು ಲ್ಯಾಪ್‌ಟಾಪಿನ ಮೋಡೆಮ್‌ಮ್ಯಾನೇಜರ್ ಸೇವೆಯ ಕೆಲಸ: ಹೊಸ ಸೀರಿಯಲ್ ಪೋರ್ಟ್ ಕಂಡರೆ ಮೋಡೆಮ್ ಇರಬಹುದೆಂದು ಮಾತನಾಡಿಸಿ ನೋಡುತ್ತದೆ. ಅದನ್ನು ನಿಲ್ಲಿಸಿ. ನೆಟ್‌ವರ್ಕ್‌ಗೆ ಎರಡೂ ಕಡೆ ಐಪಿ ಕೊಟ್ಟು, ಪಿಂಗ್‌ಗೆ ತೃಪ್ತರಾಗದೆ ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಅನ್ನು ಹತ್ತು ನಿಮಿಷ ಎರಡೂ ದಿಕ್ಕಿನಲ್ಲಿ ಓಡಿಸಿ. ಅದು ಓಡುತ್ತಿರುವಾಗಲೇ ಸೀರಿಯಲ್‌ನಲ್ಲಿ ಟೈಪಿಸಿ ನೋಡಿ.

ಕಿತ್ತು ಚುಚ್ಚುವ ಪರೀಕ್ಷೆ ಕಡ್ಡಾಯ, ಆದರೆ ಝೀರೋದಲ್ಲಿ ಕೇಬಲ್ ಕೀಳಬೇಡಿ. ಅದಕ್ಕೆ ವಿದ್ಯುತ್ ಬರುತ್ತಿರುವುದೂ ಅಲ್ಲಿಂದಲೇ. ಪ್ರತಿ ಸಲ ಕಾರ್ಡಿಗೆ ಪೆಟ್ಟು. ಕಂಟ್ರೋಲರ್ ಫೋಲ್ಡರಿನ ಸಾಫ್ಟ್_ಕನೆಕ್ಟ್ ಫೈಲಿಗೆ ‘ಡಿಸ್‌ಕನೆಕ್ಟ್’ ಬರೆದು, ತುಸು ತಡೆದು ‘ಕನೆಕ್ಟ್’ ಬರೆಯಿರಿ. ಲ್ಯಾಪ್‌ಟಾಪಿಗೆ ಕಿತ್ತು ಚುಚ್ಚಿದಂತೆಯೇ ಕಾಣುತ್ತದೆ. ಲೂಪ್‌ನಲ್ಲಿ ಹಾಕಿ ಊಟಕ್ಕೆ ಹೋಗಿ ಬನ್ನಿ. ಲ್ಯಾಪ್‌ಟಾಪನ್ನು ನಿದ್ರೆಗೆ ಕಳಿಸಿ ಎಬ್ಬಿಸುವುದನ್ನೂ ಬಿಡಬೇಡಿ.

ಹಂತ 5: ಸ್ಕ್ರಿಪ್ಟ್

ಎಲ್ಲವನ್ನೂ ಒಂದು ಸ್ಕ್ರಿಪ್ಟಿಗೆ ಹಾಕಿ, ಸಿಸ್ಟಂಡಿಯ (ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡುವ ವ್ಯವಸ್ಥೆ) ಒನ್‌ಶಾಟ್ ಸೇವೆಯಾಗಿ, ಸಿಸ್-ಕರ್ನಲ್-ಕಾನ್ಫಿಗ್.ಮೌಂಟ್ ಆದ ನಂತರ ಓಡುವಂತೆ ಮಾಡಿ. ಬೂಟ್ ಆಗುವಾಗ ಓಡುವ ಹಳೆಯ ಬಗೆಯ ಆರ್‌ಸಿ.ಲೋಕಲ್ ಫೈಲ್ ಬೇಡ. ಕಟ್ಟುವ ಸ್ಕ್ರಿಪ್ಟಿನ ಜೊತೆಗೆ ಬಿಚ್ಚುವ ಸ್ಕ್ರಿಪ್ಟನ್ನೂ ಬರೆಯಿರಿ. ಆರ್‌ಎಂ -ಆರ್‌ಎಫ್ ಇಲ್ಲಿ ನಡೆಯುವುದಿಲ್ಲ. ಯುಡಿಸಿ ಖಾಲಿ ಮಾಡಿ, ಸಿ.1ರೊಳಗಿನ ಕೊಂಡಿಗಳನ್ನು ತೆಗೆದು, ಅದರೊಳಗೆ ಸ್ಟ್ರಿಂಗ್ಸ್ ಮಾಡಿದ್ದರೆ ಅದನ್ನು, ನಂತರ ಸಿ.1, ಕಾರ್ಯಗಳು, ಗ್ಯಾಜೆಟ್‌ನ ಸ್ಟ್ರಿಂಗ್ಸ್, ಕೊನೆಗೆ ಜಿ1 ಹೀಗೆ ಒಂದೊಂದಾಗಿ ಆರ್‌ಎಂಡಿಐಆರ್ ಮಾಡಬೇಕು.

ಮಾರುವ ವಸ್ತುವಿಗೆ 1ಡಿ6ಬಿ ಸಂಖ್ಯೆ ಬಳಸಬೇಡಿ, ಬೇರೆ ಕಂಪನಿಯ ಸಂಖ್ಯೆಯನ್ನಂತೂ ಮುಟ್ಟಲೇಬೇಡಿ. ಈ ಸಂಖ್ಯೆಗಳನ್ನು ಹಂಚುವ ಯುಎಸ್‌ಬಿ-ಐಎಫ್ ಸಂಸ್ಥೆಯಿಂದ ಸ್ವಂತ ವೆಂಡರ್ ಸಂಖ್ಯೆ ಪಡೆಯಿರಿ. ನಿಮ್ಮ ಯೋಜನೆ ಮುಕ್ತ ಪರವಾನಗಿಯದಾದರೆ ಪಿಐಡಿ.ಕೋಡ್ಸ್ ತಾಣದಲ್ಲಿ 1209ರ ಅಡಿ ಒಂದು ಪ್ರಾಡಕ್ಟ್ ಸಂಖ್ಯೆ ಉಚಿತವಾಗಿ ಸಿಗುತ್ತದೆ.