ಗೇರ್‌ಬಾಕ್ಸ್ ಬಿಚ್ಚುವುದಕ್ಕೆ ಮುನ್ನ

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಟ್ಟಿದೆ ಎಂದು ಯಾರಾದರೂ ಗಾಡಿ ತಂದರೆ, ಅದು ಯಾವ ಬಗೆಯ ಆಟೋಮ್ಯಾಟಿಕ್ ಎಂಬುದನ್ನು ನಾನು ಮೊದಲು ಖಚಿತಪಡಿಸಿಕೊಳ್ಳುತ್ತೇನೆ. ಎಎಂಟಿ (ಆಟೋಮೇಟೆಡ್ ಮ್ಯಾನುವಲ್) ಎಂಬ ಬಗೆಯಲ್ಲಿರುವುದು ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಮತ್ತು ಗೇರಿನ ಕೆಲಸವನ್ನು ಚಾಲಕನ ಬದಲು ಆಕ್ಚುಯೇಟರ್ ಎಂಬ ಯಂತ್ರಭಾಗ ಮಾಡುತ್ತದೆ, ಅಷ್ಟೆ. ಈಚೆಗೆ ಬಂದದ್ದು, ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಆರು ಗೇರಿನ ಹಳೆಯ ಸೆಡಾನ್. ಅದು ಆಗಾಗ ಮೂರನೇ ಗೇರಿನಲ್ಲೇ ನಿಂತುಬಿಡುತ್ತಿತ್ತು, ಬೇರೊಂದು ಗ್ಯಾರೇಜಿನವರು ಪೂರ್ತಿ ಓವರ್‌ಹಾಲ್ ಆಗಬೇಕೆಂದಿದ್ದರು.

ಹೀಗೆ ಒಂದೇ ಗೇರಿನಲ್ಲಿ ನಿಲ್ಲುವುದು ಬಹಳ ಸಲ ಗೇರ್‌ಬಾಕ್ಸನ್ನು ನಡೆಸುವ ಕಂಪ್ಯೂಟರ್, ಅಂದರೆ ಕಂಟ್ರೋಲ್ ಯೂನಿಟ್, ತಾನಾಗಿ ಕೈಗೊಳ್ಳುವ ರಕ್ಷಣಾ ಕ್ರಮವಾಗಿರುತ್ತದೆ. ಆದ್ದರಿಂದ ಸ್ಪ್ಯಾನರ್ ಕೈಗೆತ್ತಿಕೊಳ್ಳದೆ ಗೇರ್‌ಬಾಕ್ಸಿನ ಆಯಿಲ್‌ನಿಂದ ಆರಂಭಿಸಿದೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಬಿಸಿಯಾದ ಮೇಲೆ, ಬ್ರೇಕ್ ಒತ್ತಿಕೊಂಡೇ ಲಿವರನ್ನು ಪ್ರತಿ ಸ್ಥಾನಕ್ಕೂ ಒಯ್ದು ಪಾರ್ಕಿಗೆ ತಂದು, ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ತೆಗೆದೆ. (ಕೆಲವು ಗಾಡಿಗಳಲ್ಲಿ ಎಂಜಿನ್ ಆರಿಸಿ ನೋಡಬೇಕು, ಕೆಲವಕ್ಕೆ ಡಿಪ್‌ಸ್ಟಿಕ್ಕೇ ಇರುವುದಿಲ್ಲ, ಕೈಪಿಡಿ ಹೇಳಿದಂತೆ ನಡೆಯಬೇಕು.) ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ನೋಡಿದರೆ ಬಣ್ಣ ಕಂದುಗೆಂಪು, ಸುಟ್ಟ ವಾಸನೆಯಾಗಲಿ, ಲೋಹದ ಹೊಳಪಾಗಲಿ ಇರಲಿಲ್ಲ. ಆಯಿಲ್ ತಣಿಸುವ ಕೂಲರ್ ಒಡೆದು ಎಂಜಿನ್ನಿನ ಕೂಲೆಂಟ್ ಬೆರೆತಿದ್ದರೆ ಅದು ಗುಲಾಬಿ ಹಾಲಿನಂತೆ ಕಾಣುತ್ತಿತ್ತು.

ಸ್ಕ್ಯಾನರ್ ಪಿ 0700 ಎಂಬ ದೋಷದ ಕೋಡ್ ತೋರಿಸಿತು. ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್ ಏನೋ ದೋಷವನ್ನು ದಾಖಲಿಸಿದೆ ಎಂಬುದಷ್ಟೇ ಇದರ ಅರ್ಥ. ಇದನ್ನೇ ನಂಬಿ ಗೇರ್‌ಬಾಕ್ಸ್ ಇಳಿಸುವವರಿದ್ದಾರೆ. ಆ ಯೂನಿಟ್‌ನೊಳಗೆ ಹೋಗಿ ಓದಿದಾಗ ಸಿಕ್ಕಿದ್ದು ಪಿ 0562, ಅಂದರೆ ವೋಲ್ಟೇಜ್ ಕಡಿಮೆ. ಬ್ಯಾಟರಿ ಸರಿಯಾಗಿತ್ತು, ಆಲ್ಟರ್ನೇಟರ್ 14 ವೋಲ್ಟ್ ಕೊಡುತ್ತಿತ್ತು. ಹೆಡ್‌ಲೈಟ್, ಏಸಿ ಎಲ್ಲ ಹಾಕಿ, ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಗೇರ್‌ಬಾಕ್ಸಿನ ಮೈಗೂ ಇಟ್ಟಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿತು, ಅಲ್ಲಿ 0.2ರೊಳಗೆ ಇರಬೇಕು. ಅಂದರೆ ನಡುವಿನ ಜೋಡಣೆಯಲ್ಲೇ ವೋಲ್ಟೇಜ್ ನಷ್ಟವಾಗುತ್ತಿತ್ತು. ಆ ಎರಡನ್ನು ಜೋಡಿಸುವ ಅರ್ಥ್ ಕೇಬಲ್ಲಿನ ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಹಸಿರು ಕಿಲುಬು ಪದರಗಟ್ಟಿತ್ತು.

ಅದನ್ನು ಉಜ್ಜಿ, ಬಿಗಿಮಾಡಿ, ಕೋಡ್ ಅಳಿಸಿದೆ. ಬ್ರೇಕ್ ಒತ್ತಿ ಗಾಡಿಯನ್ನು ನಿಲ್ಲಿಸಿಕೊಂಡೇ ಆಕ್ಸಿಲರೇಟರನ್ನು ಪೂರ್ತಿ ತುಳಿಯುವ ಸ್ಟಾಲ್ ಟೆಸ್ಟ್ ಮಾಡಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಆಯಿಲ್ ವಿಪರೀತ ಕಾಯುವ ಆ ಪರೀಕ್ಷೆಗೆ ಇಲ್ಲಿ ಕಾರಣವೇ ಇರಲಿಲ್ಲ. ರಸ್ತೆಯಲ್ಲಿ ಆರೂ ಗೇರುಗಳು ಸರಾಗವಾಗಿ ಬಿದ್ದವು. ಒಂದೇ ವೇಗದಲ್ಲಿ ಸಾಗುತ್ತ ಬ್ರೇಕನ್ನು ತುಸುವೇ ಮುಟ್ಟಿದಾಗ ಆರ್‌ಪಿಎಂ ಮುಳ್ಳು ಸ್ವಲ್ಪ ಏರಿತು. ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ ಲಾಕಪ್ ಕ್ಲಚ್ ಹಿಡಿದು ಬಿಡುತ್ತಿರುವುದಕ್ಕೆ ಅದೇ ಗುರುತು.