ರೇಷನ್ ಮಾರಿ ಕಂಪನಿ ಕಟ್ಟಿದ್ದು: ಪ್ರಾಸ್ಪರಸ್ ಯೂನಿವರ್ಸ್‌ನಲ್ಲಿ ನನ್ನ ಅನುಭವ

ಪ್ರಾಸ್ಪರಸ್ ಯೂನಿವರ್ಸ್ ಅನ್ನೋದು ಬಾಹ್ಯಾಕಾಶದಲ್ಲಿ ಕಂಪನಿ ನಡೆಸುವ ಆನ್‌ಲೈನ್ ಆಟ. ಪ್ರೊಮಿಟರ್ ಅನ್ನೋ ಗ್ರಹದಲ್ಲಿ ಬೇಸ್ (ಕಂಪನಿಯ ನೆಲೆ) ಹಾಕಿ ಬರೀ ಊಟ, ನೀರು ಮಾರಿಕೊಂಡು ಈ ಆಟದಲ್ಲಿ ಮೇಲೆ ಬರೋಕೆ ಆಗಲ್ಲ ಅಂತ ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಆದರೆ ಖಂಡಿತ ಮೇಲೆ ಬರಬಹುದು. ಈಗ ನನ್ನದು ಮೂರು ಬೇಸ್. ಖರ್ಚೆಲ್ಲ ಕಳೆದು ಆಟದ ದುಡ್ಡಿನಲ್ಲಿ ದಿನಕ್ಕೆ ನಲವತ್ತು ಸಾವಿರದ ಹತ್ತಿರ ಉಳಿಯುತ್ತಿದೆ. ಲೋಹ ಕರಗಿಸುತ್ತೇವೆ ಅಂತ ಹೊರಟ ಮೂವರಲ್ಲಿ ಇಬ್ಬರು ಕಂಪನಿ ಮುಚ್ಚಿ ಮತ್ತೆ ಹೊಸದಾಗಿ ಶುರು ಮಾಡಿದ್ದಾರೆ. ಇದನ್ನು ಬರೆಯುವುದಕ್ಕೆ ಅದೂ ಒಂದು ಕಾರಣ ಅಂದುಕೊಳ್ಳಿ.

ಆಟ ಗೊತ್ತಿರುವವರಿಗೇ ಬರೆಯುತ್ತಿದ್ದೇನೆ. ಜರ್ಮನಿಯ ಸಿಮ್ಯುಲಾಜಿಕ್ಸ್‌ನವರದು, ಬ್ರೌಸರ್‌ನಲ್ಲೇ ನಡೆಯುತ್ತದೆ, ಹಡಗು ಒಂದು ಕಡೆಯಿಂದ ಇನ್ನೊಂದು ಕಡೆ ಹೋಗೋಕೆ ನಿಜವಾದ ಗಂಟೆಗಳೇ ಬೇಕು. ಇಷ್ಟು ಸಾಕು. ಪರದೆ ನೋಡಿ ಹೆದರಿ ಓಡಿದವರಿಗೆ ಈ ಬರಹ ಅಲ್ಲ.

ನಾನು ಮಂಡ್ಯದಲ್ಲಿ ಬೆಲ್ಲದ ಮಂಡಿಯ ಲೆಕ್ಕ ಬರೆಯುವವನು. ಬೆಳಿಗ್ಗೆ ಆವಕ ಎಷ್ಟು, ಬಕೆಟ್ ಬೆಲ್ಲಕ್ಕೆ ಏನು ರೇಟು, ಅಚ್ಚಿಗೆ ಏನು ರೇಟು, ಲಾರಿ ಯಾವುದು ಖಾಲಿ ವಾಪಸ್ ಹೋಗುತ್ತಿದೆ, ಇದೇ ನನ್ನ ದಿನಚರಿ. ಆಟಕ್ಕೆ ಕೂರೋಕೆ ಸಿಗುವುದು ಬೆಳಿಗ್ಗೆ ಮಂಡಿಗೆ ಹೋಗುವ ಮೊದಲು ಹತ್ತು ನಿಮಿಷ, ರಾತ್ರಿ ಊಟ ಆದಮೇಲೆ ಅರ್ಧ ಗಂಟೆ. ಆ ಹೊತ್ತಿಗೆ ಹೊಂದುವ ವ್ಯಾಪಾರವೇ ಬೇಕಿತ್ತು. ಮೈಸೂರಿನಲ್ಲಿರುವ ನನ್ನ ಬಾಮೈದ ನನಗಿಂತ ಮೊದಲು ಆಡುತ್ತಿದ್ದವನು. ವಿಕ್ಚುವಲರ್ (ಊಟ, ನೀರು ಒದಗಿಸುವವನು) ಆಗಿ ಶುರು ಮಾಡುತ್ತೇನೆ ಅಂದಾಗ, "ಭಾವ, ಮಂಡಿ ಬಿಟ್ಟು ಬಂದು ಇಲ್ಲೂ ಮಂಡೀನೇ ಇಡ್ತೀರಾ? ಇದ್ರಲ್ಲಿ ಮಾರ್ಜಿನ್ ಎಲ್ಲಿದೆ?" ಅಂದ. ಮಾರ್ಜಿನ್ ಕಮ್ಮಿ, ನಿಜ. ಆದರೆ ನಾನು ನೋಡಿದ್ದು ಮಾರ್ಜಿನ್ ಅಲ್ಲ, ಗಿರಾಕಿ.

ಈ ಆಟದಲ್ಲಿ ಯಾರು ಏನೇ ಮಾಡಲಿ, ಅವರ ಆಳುಗಳು ತಿನ್ನಲೇಬೇಕು. ಪಯೋನಿಯರ್ ಅಂದರೆ ಕೆಳಹಂತದ ಆಳು. ನೂರು ಪಯೋನಿಯರ್‌ಗಳಿಗೆ ದಿನಕ್ಕೆ ನಾಲ್ಕು ಘಟಕ ರೇಷನ್ (ಸಿದ್ಧ ಊಟ), ನಾಲ್ಕು ಘಟಕ ಕುಡಿಯುವ ನೀರು, ಅರ್ಧ ಘಟಕ ಓವರಾಲ್ (ಕೆಲಸದ ಬಟ್ಟೆ). ಕಬ್ಬಿಣ ಕೊಳ್ಳುವವನು ಇವತ್ತು ಬೇಡ ಅಂತ ನಿಲ್ಲಿಸಬಹುದು. ಅನ್ನ ನಿಲ್ಲಿಸೋಕೆ ಆಗಲ್ಲ. ಬೆಲೆ ಬಿದ್ದರೂ ಮಾಲು ಹೋಗುತ್ತದೆ. ಕಟ್ಟಡದ ಸಾಮಾನು ಮಾರುವ ಗೆಳೆಯನೊಬ್ಬ ವಾರಗಟ್ಟಲೆ ಸ್ಟಾಕ್ ಇಟ್ಟುಕೊಂಡು ಕೂತಿದ್ದ. ನನ್ನದು ರಾತ್ರಿ ಇಟ್ಟರೆ ಬೆಳಿಗ್ಗೆಗೆ ಖಾಲಿ.

ಪ್ರೊಮಿಟರ್ ಯಾಕೆ ಅಂದರೆ ಮಣ್ಣು ಚೆನ್ನಾಗಿದೆ, ನೆಲದಲ್ಲಿ ನೀರಿದೆ, ಮಾಲು ಕೊಂಡು ಮಾರುವ ಹೋರ್ಟಸ್ ಎಕ್ಸ್‌ಚೇಂಜ್ ಅದೇ ಸೌರಮಂಡಲದಲ್ಲಿದೆ. ಒಂದು ಸೌರಮಂಡಲದಿಂದ ಇನ್ನೊಂದಕ್ಕೆ ಜಂಪ್ ಮಾಡುವ ಎಫ್‌ಎಫ್ ಇಂಧನದ ಖರ್ಚೇ ಇಲ್ಲ, ಅದರೊಳಗೇ ಓಡಾಡುವ ಎಸ್‌ಎಫ್ ಇಂಧನ ಮಾತ್ರ. ಮೊದಲ ತಿಂಗಳಿನಲ್ಲಿ ಇಂಧನ ಉಳಿಸುವುದೂ ಒಂದು ಸಂಪಾದನೆ. ಹೊಸಬರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಶುರುವಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಮೊದಲ ವಾರ ದಿನಕ್ಕೆ ಮೂರು ಸಾವಿರ ಉಳಿದರೆ ಹೆಚ್ಚು. ಒಂದು ಫಾರ್ಮ್ ಕಟ್ಟೋಕೆ ಆಗ ಮೂವತ್ತು ಸಾವಿರದ ಮೇಲೆ ಬೀಳುತ್ತಿತ್ತು. ಅಂದರೆ ಹತ್ತು ದಿನ ದುಡಿದರೆ ಒಂದು ಫಾರ್ಮ್. ಎಲ್ಲರೂ ಬೇಸರ ಬಂದು ಬಿಡುವುದು ಇಲ್ಲೇ. ಒಂದು ಫಾರ್ಮ್‌ಗೆ ಐವತ್ತು ಪಯೋನಿಯರ್, ಆಳುಗಳು ಇರುವ ಒಂದು ಎಚ್‌ಬಿ1 ಮನೆಯಲ್ಲಿ ನೂರು ಜನ. ಹಾಗಾಗಿ ಎರಡು ಫಾರ್ಮ್‌ಗೆ ಒಂದು ಮನೆ. ನಾನು ಮನೆಯನ್ನು ಯಾವಾಗಲೂ ಕೊನೆಯ ಗಳಿಗೆಯಲ್ಲಿ ಕಟ್ಟುತ್ತಿದ್ದೆ. ಮನೆ ಕಟ್ಟಿಟ್ಟುಕೊಂಡು ಆಮೇಲೆ ಫಾರ್ಮ್‌ಗೆ ದುಡ್ಡು ಹೊಂದಿಸುವವರನ್ನು ನೋಡಿದ್ದೇನೆ. ಅಷ್ಟು ದಿನ ಆ ದುಡ್ಡು ಸುಮ್ನೆ ಮಲಗಿರುತ್ತದೆ.

ಬೆಳೆದ ಧಾನ್ಯವನ್ನು ಹಾಗೇ ಮಾರಬಾರದು ಎನ್ನುವುದು ನನಗೆ ಹೊಸ ವಿಷಯ ಅಲ್ಲ. ಹತ್ತು ಟನ್ ಕಬ್ಬು ಅರೆದರೆ ಹೆಚ್ಚುಕಮ್ಮಿ ಒಂದು ಟನ್ ಬೆಲ್ಲ. ಕಬ್ಬನ್ನೇ ದೂರ ಸಾಗಿಸಿದರೆ ಲಾರಿ ಬಾಡಿಗೆಯೇ ನುಂಗಿಹಾಕುತ್ತದೆ, ಅದಕ್ಕೇ ಆಲೆಮನೆ ಗದ್ದೆ ಪಕ್ಕದಲ್ಲಿರುವುದು. ಇಲ್ಲೂ ಅಷ್ಟೆ. ಧಾನ್ಯ, ಬೀನ್ಸ್, ಜೊತೆಗೆ ಇನ್ನೊಂದು ಬೆಳೆ, ಮೂರೂ ಒಂದೊಂದು ಹಾಕಿದರೆ ಹತ್ತು ರೇಷನ್. ಬೆಳೆ ಮೂರು ಘನ ಮೀಟರ್‌ನಷ್ಟು ಜಾಗ ತಿಂದರೆ, ರೇಷನ್ ಹತ್ತೂ ಸೇರಿ ಒಂದರಲ್ಲಿ ಮುಗಿಯುತ್ತದೆ. ಶುರುವಿನಲ್ಲಿ ಕೊಡುವ ಹಡಗು ಐನೂರು ಟನ್, ಐನೂರು ಘನ ಮೀಟರಿನದು. ಒಂದೇ ಟ್ರಿಪ್‌ಗೆ ಎರಡು ಸಾವಿರದ ಮೇಲೆ ರೇಷನ್ ಹಿಡಿಯುತ್ತದೆ. ಹಡಗು ತುಂಬುವಷ್ಟು ಮಾಲು ನನ್ನ ಹತ್ತಿರ ಆಗ ಎಲ್ಲಿತ್ತು ಅನ್ನಿ. ಆದರೆ ವಾರಕ್ಕೆ ಒಂದೋ ಎರಡೋ ಟ್ರಿಪ್ ಹೊಡೆದರೆ ಸಾಕಾಗುತ್ತಿತ್ತು. ಉಳಿದ ದಿನ ಹಡಗು ಬೇರೆ ಕೆಲಸಕ್ಕೆ ಸಿಗುತ್ತಿತ್ತು.

ಕಾಫಿ ವಿಷಯಕ್ಕೆ ಬರುತ್ತೇನೆ. ಇದರ ಮೇಲೆ ಬಾಮೈದನಿಗೂ ನನಗೂ ದೊಡ್ಡ ಜಗಳ. ಪಯೋನಿಯರ್‌ಗಳಿಗೆ ಕಾಫಿ, ಪ್ಯಾಡೆಡ್ ಓವರಾಲ್ ಎರಡೂ ಐಷಾರಾಮದ ಪಟ್ಟಿಯಲ್ಲಿವೆ. ಕೊಡದಿದ್ದರೂ ಕೆಲಸ ನಡೆಯುತ್ತದೆ. ಬಡವ ಶುರು ಮಾಡುವಾಗ ಕೊಡಬಾರದು ಅಂತ ಅವನ ವಾದ. ನಾನು ಕಾಗದದಲ್ಲಿ ಲೆಕ್ಕ ಹಾಕಿದೆ. ರೇಷನ್, ನೀರು, ಓವರಾಲ್ ಮಾತ್ರ ಕೊಟ್ಟರೆ ಕೆಲಸದ ದಕ್ಷತೆ ಶೇಕಡಾ 79ರಲ್ಲಿ ನಿಲ್ಲುತ್ತದೆ. ಕಾಫಿ ಸೇರಿಸಿದರೆ 91ರ ಮೇಲೆ ಹೋಗುತ್ತದೆ. ಪ್ಯಾಡೆಡ್ ಓವರಾಲ್ ಕೂಡ ಕೊಟ್ಟರೆ ನೂರಕ್ಕೆ ನೂರು. ನೂರು ಜನಕ್ಕೆ ದಿನಕ್ಕೆ ಬೇಕಾಗುವ ಕಾಫಿ ಅರ್ಧ, ಪ್ಯಾಡೆಡ್ ಓವರಾಲ್ ಐದು ದಿನಕ್ಕೆ ಒಂದು. ಅದೇ ಜಾಗ, ಅದೇ ಕಟ್ಟಡ, ಅದೇ ಜನ, ಇಳುವರಿ ಮಾತ್ರ ಕಾಲು ಭಾಗ ಜಾಸ್ತಿ. ಹೊಸ ಫಾರ್ಮ್ ಕಟ್ಟುವುದಕ್ಕಿಂತ ಇದೇ ಅಗ್ಗ. ಮೈಸೂರು ಕಡೆಯವನಾಗಿ ಕಾಫಿ ಇಲ್ಲದೆ ಕೆಲಸ ಮಾಡಿಸುತ್ತೇನೆ ಅನ್ನೋನಿಗೆ ಏನು ಹೇಳೋದು?

ಒಂದೇ ಎಚ್ಚರಿಕೆ, ನೀರು ಮಾತ್ರ ಖಾಲಿ ಆಗಬಾರದು. ಓವರಾಲ್ ಮುಗಿದರೆ ಅರ್ಧಕ್ಕರ್ಧ ಬೀಳುತ್ತೀರಿ. ನೀರು ಮುಗಿದರೆ ಬೇಸ್ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ನಾನು ಹತ್ತು ದಿನದ ದಾಸ್ತಾನು ಬೇಸ್‌ನಲ್ಲಿ ಬಿಟ್ಟೇ ಮಿಕ್ಕಿದ್ದನ್ನು ಹಡಗಿಗೆ ಹಾಕುವುದು. ಬೆಲೆ ಎಷ್ಟೇ ಏರಿರಲಿ, ಅದನ್ನು ಮುಟ್ಟುವುದಿಲ್ಲ. ಮನೆಯಲ್ಲಿ ಮದುವೆ ಇದ್ದಾಗ ಐದಾರು ದಿನ ಲಾಗಿನ್ ಆಗಲೇ ಇಲ್ಲ. ಬಂದು ನೋಡಿದರೆ ಎಲ್ಲ ಅದರ ಪಾಡಿಗೆ ನಡೆಯುತ್ತಿತ್ತು.

ಈಗ ದುಡ್ಡು ಎಲ್ಲಿ ಹುಟ್ಟಿತು ಅನ್ನೋದು. ಮಾರುವುದರಲ್ಲಿ ಅಲ್ಲ, ಕೊಳ್ಳುವುದರಲ್ಲಿ. ಹೊಸಬರು ಎಕ್ಸ್‌ಚೇಂಜ್‌ಗೆ ಹೋಗಿ ಕೇಳಿದ ಬೆಲೆ ಕೊಟ್ಟು ತರುತ್ತಾರೆ. ಒಂದು ದಿನ ಓವರಾಲ್‌ಗೆ ಕೊಳ್ಳುವವರ, ಮಾರುವವರ ಬೆಲೆಪಟ್ಟಿ ಹೇಗಿತ್ತು ಅಂತ ಹೇಳುತ್ತೇನೆ, ಅಂಕಿ ಸ್ವಲ್ಪ ಆಚೀಚೆ ಇರಬಹುದು. ಮಾರುವವರು 190ರಿಂದ ಶುರು, ಕೊಳ್ಳುವವರಲ್ಲಿ ಮೇಲಿನವನು 162. ನಡುವೆ ಅಷ್ಟು ದೊಡ್ಡ ಸಂದು. ನಾನು ನಲವತ್ತು ಓವರಾಲ್‌ಗೆ ತಲಾ 163ರಂತೆ ಬಿಡ್ (ಇಷ್ಟಕ್ಕೆ ಕೊಳ್ಳುತ್ತೇನೆ ಅನ್ನುವ ಬೇಡಿಕೆ) ಹಾಕಿ ಮಲಗಿದೆ. ಬೆಳಿಗ್ಗೆ ಯಾರೋ 164 ಹಾಕಿ ನನ್ನ ಮೇಲೆ ಕೂತಿದ್ದ. ನಾನು 165 ಹಾಕಲಿಲ್ಲ, ಹಾಗೇ ಬಿಟ್ಟೆ. ಅವನದು ತುಂಬಿದ ಮೇಲೆ ಸಂಜೆಗೆ ನನ್ನದೂ ತುಂಬಿತು. ಬಿಡ್ ಏರಿಸಾಟಕ್ಕೆ ಇಳಿದರೆ ಇಬ್ಬರೂ ಸೇರಿ ಮೂರನೆಯವನನ್ನು ಸಾಕಿದ ಹಾಗೆ. ಮಂಡಿಯಲ್ಲಿ ದಿನಾ ನೋಡುವ ಸಂಗತಿ ಇದು. ಹತ್ತು ದಿನದ ದಾಸ್ತಾನು ಕೈಯಲ್ಲಿರುವವನಿಗೆ ಮಾತ್ರ ಹೀಗೆ ಕಾಯೋಕೆ ಆಗುವುದು.

ಕಟ್ಟಡದ ಸಾಮಾನನ್ನೂ ಹೀಗೇ ತಂದೆ. ಫಾರ್ಮ್ ಕಟ್ಟೋಕೆ ಬೇಕಾದ ಬಿಎಸ್‌ಇ, ಬಿಬಿಎಚ್ ಅನ್ನೋ ಕಟ್ಟಡದ ಭಾಗಗಳಿಗೆ ಎರಡು ವಾರ ಮೊದಲೇ ಬಿಡ್ ಹಾಕಿಡುತ್ತಿದ್ದೆ. ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಬೈಯಿಸಿಕೊಂಡೆ. ಆದರೆ ಒಂದು ಕಟ್ಟಡಕ್ಕೆ ನಾಲ್ಕೈದು ಸಾವಿರ ಉಳಿಯುತ್ತಿತ್ತು. ದಿನಕ್ಕೆ ಮೂರು ಸಾವಿರ ದುಡಿಯುವವನಿಗೆ ಅದು ಒಂದೂವರೆ ದಿನದ ಸಂಬಳ. ಯಾವ ವಾರದಲ್ಲಿ ಯಾವ ಸಾಮಾನು ಇಳಿಯುತ್ತದೆ ಅನ್ನೋದಕ್ಕೆ ನನ್ನದೊಂದು ಪಟ್ಟಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯಿಂದ ಆ ಪಟ್ಟಿಗೆ ಬೆಲೆ ಇರುವುದಿಲ್ಲ.

ಕೈ ಸುಟ್ಟ ಕಥೆಗಳೂ ಇವೆ. ಮೊದಲನೆಯದು ಕಾರ್ಬನ್. ಬೆಳೆ ಇನ್ಸಿನರೇಟರ್‌ಗೆ ಹಾಕಿ ಸುಟ್ಟು ಕಾರ್ಬನ್ ತೆಗೆದರೆ ಲೋಹದವರು ಮುಗಿಬಿದ್ದು ಕೊಳ್ಳುತ್ತಾರೆ ಅಂತ ಕೇಳಿದ್ದೆ. ಇನ್ಸಿನರೇಟರ್ ಕಟ್ಟಿದೆ. ಕಾರ್ಬನ್ ಬೆಲೆ ಚೆನ್ನಾಗಿಯೇ ಇತ್ತು. ಆದರೆ ಅದಕ್ಕೆ ಹಾಕಿದ ಧಾನ್ಯದಲ್ಲಿ ಎಷ್ಟು ರೇಷನ್ ಆಗುತ್ತಿತ್ತು ಅಂತ ನೋಡಿದರೆ ದಿನಕ್ಕೆ ಸಾವಿರದಷ್ಟು ಖೋತಾ. ತಿಂಗಳೊಳಗೆ ಕೆಡವಿದೆ. ಕಾರ್ಬನ್ ಮಾಡಬೇಕಾದರೆ ಬೇಸ್ ಪೂರ್ತಿ ಅದಕ್ಕೇ ಇಡಬೇಕು, ಅರ್ಧಂಬರ್ಧ ಮಾಡಬಾರದು.

ಎರಡನೆಯದು ಬೆಂಟೆನ್ ಅನ್ನೋ ದೂರದ ಇನ್ನೊಂದು ಎಕ್ಸ್‌ಚೇಂಜ್‌ಗೆ ನೀರು ಹೊತ್ತದ್ದು. ಅಲ್ಲಿ ಕುಡಿಯುವ ನೀರಿಗೆ ಹೋರ್ಟಸ್‌ಗಿಂತ ಒಳ್ಳೆ ಬೆಲೆ ಕಾಣುತ್ತಿತ್ತು. ಹಡಗು ತುಂಬಿ ಕಳಿಸಿದೆ. ದಾರಿಯಲ್ಲಿ ಒಂದು ದಿನದ ಮೇಲಾಯಿತು. ನನ್ನ ಹಾಗೇ ಯೋಚಿಸಿದವರು ಬೇರೆಯವರೂ ಇದ್ದರು. ಮುಟ್ಟುವ ಹೊತ್ತಿಗೆ ಬೆಲೆ ಇಳಿದು ಕೂತಿತ್ತು. ಮಾರಿದ ದುಡ್ಡು ಬಂದದ್ದು ಅಲ್ಲಿನ ನಾಣ್ಯ ಸಿಐಎಸ್‌ನಲ್ಲಿ, ನನಗೆ ಬೇಕಾದದ್ದು ಹೋರ್ಟಸ್‌ನ ನಾಣ್ಯ ಐಸಿಎ. ಅದನ್ನು ಬದಲಾಯಿಸುವಲ್ಲಿ ಇನ್ನೊಂದಿಷ್ಟು ಹೋಯಿತು. ಎಫ್‌ಎಫ್ ಖರ್ಚು ಬೇರೆ. ಎಲ್ಲ ಸೇರಿ ಆರೇಳು ಸಾವಿರ ನಷ್ಟ. ಆಮೇಲೆ ನಾನು ಬೆಂಟೆನ್‌ಗೆ ಹೋಗುವುದು ಅಲ್ಲಿಂದ ತರೋಕೆ ಏನಾದರೂ ಇದ್ದಾಗ ಮಾತ್ರ. ಸಿಐಎಸ್‌ನಲ್ಲಿ ಬಂದದ್ದನ್ನು ಅಲ್ಲೇ ಸಾಮಾನು ಮಾಡಿಕೊಂಡು ತುಂಬಿಸಿ ವಾಪಸ್. ಖಾಲಿ ಹಡಗು ತಿರುಗಿಸುವವನು ಎರಡೂ ಕಡೆಯ ಬಾಡಿಗೆ ಒಂದೇ ಮಾಲಿನ ಮೇಲೆ ಹಾಕುತ್ತಾನೆ. ಅಲ್ಲಿಂದ ನಾನೇನು ತರುತ್ತೇನೆ ಅಂತ ಕೇಳಬೇಡಿ.

ಮೂರನೆಯದು ಸಾಲ. ಕಾಂಟ್ರಾಕ್ಟ್ ಮಾಡಿಕೊಂಡು ಒಬ್ಬ ಆಟಗಾರನಿಗೆ ಇಪ್ಪತ್ತು ಸಾವಿರ ಕೊಟ್ಟೆ, ಬಡ್ಡಿಗೆ. ಎರಡು ಕಂತು ಕಟ್ಟಿದ. ಆಮೇಲೆ ಆಟಕ್ಕೇ ಬರಲಿಲ್ಲ. ಕಾಂಟ್ರಾಕ್ಟ್ ಮುರಿದವನ ರೇಟಿಂಗ್ ಬೀಳುತ್ತದೆ, ಸರಿ. ಆಡೋದೇ ಬಿಟ್ಟವನಿಗೆ ರೇಟಿಂಗ್ ಬಿದ್ದರೆ ನನಗೇನು ಬಂತು?

ಇದೆಲ್ಲದರ ನಡುವೆ ಒಂದು ವಿಷಯ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಎಕ್ಸ್‌ಪರ್ಟ್‌ಗಳು. ಬೇಸ್‌ನಲ್ಲಿ ಒಂದೇ ಉದ್ಯಮ ನಡೆಸಿಕೊಂಡಿದ್ದರೆ ಅದರ ಎಕ್ಸ್‌ಪರ್ಟ್‌ಗಳು ಒಬ್ಬೊಬ್ಬರಾಗಿ ಸಿಗುತ್ತಾರೆ. ಮೊದಲನೆಯವನಿಂದ ದಕ್ಷತೆ ಶೇಕಡಾ ಮೂರು ಏರುತ್ತದೆ, ಅಷ್ಟೆ. ಐದು ಜನ ಆದಾಗ ಇಪ್ಪತ್ತೆಂಟು. ಅಂದರೆ ಲಾಭವೆಲ್ಲ ಕೊನೆಯವರಲ್ಲಿದೆ, ಕೊನೆಯವರು ಬರುವುದೂ ತಡ. ತಿಂಗಳಿಗೊಂದು ಉದ್ಯಮ ಬದಲಾಯಿಸುವವನಿಗೆ ಅವರು ಸಿಗುವುದೇ ಇಲ್ಲ. ನನ್ನ ಲೆಕ್ಕ ದಿನಕ್ಕೆ ಎಂಟು ಸಾವಿರದಿಂದ ಹದಿನಾಲ್ಕಕ್ಕೆ ಜಿಗಿದದ್ದು ಹೊಸ ಕಟ್ಟಡದಿಂದ ಅಲ್ಲ. ಕೃಷಿಯ ನಾಲ್ಕನೇ ಎಕ್ಸ್‌ಪರ್ಟ್ ಬಂದ, ಅದೇ ಹೊತ್ತಿಗೆ ಗ್ರಹದ ವಾಣಿಜ್ಯ ಮಂಡಳಿ ಸಿಒಜಿಸಿಯಲ್ಲಿ ಕೃಷಿಗೆ ಉತ್ತೇಜನ ಕೊಡುವ ಪ್ರಚಾರ ಓಡುತ್ತಿತ್ತು, ಅದರಿಂದ ಇನ್ನೂ ಕಾಲು ಭಾಗ ಜಾಸ್ತಿ. ಬೆಲೆಯೂ ಆಗ ಸ್ವಲ್ಪ ಏರಿತ್ತು. ಅದೃಷ್ಟವೂ ಸೇರಿಕೊಂಡಿತ್ತು, ಇಲ್ಲ ಅನ್ನಲ್ಲ.

ರಿಪೇರಿ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಟ್ಟಡ ಹಳೆಯದಾದ ಹಾಗೆ ಕೆಲಸ ಕುಂಟುತ್ತದೆ. ನಾನು ಎರಡೂವರೆ, ಮೂರು ತಿಂಗಳಿಗೆ ಒಮ್ಮೆ ಮಾಡಿಸುತ್ತೇನೆ. ಅದಕ್ಕೆ ದಿನದ ಲಾಭದಲ್ಲಿ ಹತ್ತನೇ ಒಂದು ಭಾಗ ಬೇರೆ ಇಡುತ್ತೇನೆ. ಲಾಭ ಅಂತ ಮೇಲೆ ಹೇಳಿದ ನಲವತ್ತು ಸಾವಿರ ಇದನ್ನು ಕಳೆದೇ.

ನಿಜವಾದ ದುಡ್ಡಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೆಲವು ತಿಂಗಳು ಚಂದಾ ಕಟ್ಟಿದ್ದೇನೆ, ಕೆಲವು ತಿಂಗಳು ಇಲ್ಲ. ಚಂದಾ ಕಟ್ಟಿದರೆ ಅನುಕೂಲ ಜಾಸ್ತಿ, ಆದರೆ ಆಟದೊಳಗಿನ ದುಡ್ಡು ಕೊಳ್ಳೋಕೆ ಆಗಲ್ಲ. ದುಡ್ಡಿದ್ದವನು ಬಂದು ಒಂದೇ ದಿನದಲ್ಲಿ ನನ್ನನ್ನು ದಾಟಿ ಹೋಗಲಾರ. ಅದಕ್ಕೇ ನಾನಿನ್ನೂ ಇಲ್ಲಿದ್ದೇನೆ.

ಬಾಮೈದ ಈಗ ಲೋಹ ಕರಗಿಸುವ ತನ್ನ ಸ್ಮೆಲ್ಟರ್ ಬೇಸ್‌ಗೆ ರೇಷನ್ ನನ್ನ ಹತ್ತಿರವೇ ಕೊಳ್ಳುತ್ತಾನೆ. ಎಕ್ಸ್‌ಚೇಂಜ್ ಬೆಲೆಗಿಂತ ಎರಡು ಐಸಿಎ ಕಮ್ಮಿ, ನೆಂಟ ಅಂತ. "ಇನ್ನೂ ಸ್ವಲ್ಪ ಬಿಡಿ ಭಾವ" ಅಂತಾನೆ. ಬಿಡಲ್ಲ.

ಮುಂದಿನದು ಸೆಟ್ಲರ್‌ಗಳು, ಪಯೋನಿಯರ್‌ಗಿಂತ ಒಂದು ಹಂತ ಮೇಲಿನ ಆಳುಗಳು. ಅವರ ತಿನ್ನುವ ಪಟ್ಟಿ ಉದ್ದ, ಪಯೋನಿಯರ್‌ಗಿಂತ ರೇಷನ್ ಒಂದೂವರೆ ಪಟ್ಟು ಬೇಕು, ಕೊಂಬುಚ ಅನ್ನೋ ಪಾನೀಯ ಬೇರೆ ಕೇಳುತ್ತಾರೆ. ಮನೆಗಳಿಗೆ ಬೇಕಾದ ಸಾಮಾನಿಗೆ ಬಿಡ್ ಹಾಕಿದ್ದೇನೆ, ಅರ್ಧ ಬಂದಿದೆ. ಉಳಿದರ್ಧಕ್ಕೆ ಯಾರೋ ನನ್ನ ಮೇಲೆ ದೊಡ್ಡ ಬಿಡ್ ಇಟ್ಟು ಕೂತಿದ್ದಾನೆ, ನೂರಿನ್ನೂರು ಘಟಕ ಇರಬೇಕು. ಅವನದು ತುಂಬಲಿ, ನನಗೇನು ಅವಸರ ಇಲ್ಲ.